ಊರ ಮರಗಳಿಗೊಂದು ಯೋಜನೆ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ನಾನು ನಗರಸಭೆ ಸದಸ್ಯೆ. ಪ್ರತಿ ವನಮಹೋತ್ಸವದಲ್ಲೂ ಸಾವಿರಾರು ಸಸಿ ನೆಟ್ಟ ಲೆಕ್ಕ ಕಡತದಲ್ಲಿದೆ. ಅದನ್ನೆಲ್ಲ ಕೂಡಿದರೆ ನಮ್ಮೂರು ಇಷ್ಟು ಹೊತ್ತಿಗೆ ಕಾಡಾಗಬೇಕಿತ್ತು. ಈ ಸಲ ಮರಗಳಿಗೆಂದೇ ಹತ್ತು ವರ್ಷದ ಯೋಜನೆ ಮಾಡಬೇಕೆಂದು ಸಭೆಯಲ್ಲಿ ಒಪ್ಪಿಸಿದ್ದೇನೆ. ಎಲ್ಲಿಂದ ಶುರು ಮಾಡುವುದು?

ಉತ್ತರ: ಸಸಿಯಿಂದ ಬೇಡ, ಈಗ ನಿಂತಿರುವ ಮರಗಳಿಂದ ಶುರು ಮಾಡಿ. ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆ 1976 ವೃಕ್ಷ ಪ್ರಾಧಿಕಾರದ (ನಗರದ ಮರಗಳ ಉಸ್ತುವಾರಿಗೆ ಇದೇ ಕಾಯ್ದೆಯಡಿ ರಚಿಸುವ ಸಮಿತಿ) ಕರ್ತವ್ಯಗಳಲ್ಲಿ ಮರಗಣತಿಯನ್ನೂ ಸೇರಿಸಿದೆ. ಹಾಗಾಗಿ ಸಭೆಯಲ್ಲಿ ಯಾರಾದರೂ ‘ಇದು ನಮ್ಮ ಕೆಲಸವೇ?’ ಎಂದರೆ ತೋರಿಸಲು ಕಾನೂನು ನಿಮ್ಮ ಕೈಯಲ್ಲಿದೆ.

ಒಮ್ಮೆಲೇ ಇಡೀ ಊರನ್ನು ಎಣಿಸಲು ಹೋಗಬೇಡಿ. ಹಳೇ ಪೇಟೆಯ ಒಂದು, ಹೊಸ ಬಡಾವಣೆಯ ಒಂದು, ಹೀಗೆ ಎರಡು ವಾರ್ಡು ಆರಿಸಿ ಮೊದಲು ಅಲ್ಲಿ ಮಾಡಿ ನೋಡಿ. ಒಬ್ಬರು ಅಳೆಯಲು, ಒಬ್ಬರು ಬರೆಯಲು ಇದ್ದರೆ ರಸ್ತೆಬದಿಯಲ್ಲಿ ದಿನಕ್ಕೆ ನೂರರ ಆಸುಪಾಸು ಮರ ಮುಗಿಯುತ್ತವೆ. ಜಾತಿ ಗುರುತಿಸಲು ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದವರನ್ನೋ ನಿವೃತ್ತ ಅರಣ್ಯ ಸಿಬ್ಬಂದಿಯನ್ನೋ ಜೊತೆಗಿಟ್ಟುಕೊಳ್ಳಿ. ಇಲ್ಲದಿದ್ದರೆ ಅರ್ಧ ಪಟ್ಟಿ ‘ಇತರೆ’ ಎಂದು ತುಂಬಿಕೊಳ್ಳುತ್ತದೆ.

ಪ್ರತಿ ಮರಕ್ಕೂ ಬರೆಯಬೇಕಾದದ್ದು ಇಷ್ಟು: ಜಾತಿ, ಕಾಂಡದ ಸುತ್ತಳತೆ, ಅಂದಾಜು ಎತ್ತರ, ಎಲೆಹರವು (ಕೊಂಬೆ–ಎಲೆ ಹರಡಿದ ಅಗಲ) ಎಷ್ಟು ಮೀಟರ್, ಬುಡದಲ್ಲಿ ತೆರೆದ ಮಣ್ಣು ಎಷ್ಟಿದೆ, ಮೇಲೆ ತಂತಿ ಇದೆಯೇ, ಮರದ ಸ್ಥಿತಿ, ಈಗ ಆಗಬೇಕಾದ ಕೆಲಸ. ಸುತ್ತಳತೆಯನ್ನು ನೆಲದಿಂದ 1.37 ಮೀಟರ್ ಎತ್ತರದಲ್ಲಿ, ಅಂದರೆ ನಾಲ್ಕೂವರೆ ಅಡಿಯಲ್ಲಿ ತೆಗೆಯಬೇಕು. ಅದನ್ನು 3.14ರಿಂದ ಭಾಗಿಸಿದರೆ ವ್ಯಾಸ ಸಿಗುತ್ತದೆ. ಇಳಿಜಾರಿನಲ್ಲಿ ನಿಂತ ಮರವಾದರೆ ಮೇಲಿನ ಬದಿಯಿಂದ ಅಳೆಯಿರಿ. ಆ ಎತ್ತರಕ್ಕಿಂತ ಕೆಳಗೇ ಕವಲೊಡೆದಿದ್ದರೆ ಪ್ರತಿ ಕಾಂಡವನ್ನೂ ಬೇರೆಬೇರೆ ಬರೆದುಕೊಳ್ಳಿ.

ಕೆಡುವುದು ಇಂಥ ಸಣ್ಣ ಕಡೆಗಳಲ್ಲೇ. ಮೊಬೈಲಿನ ಜಿಪಿಎಸ್ ಮೂರರಿಂದ ಐದು ಮೀಟರ್ ಆಚೀಚೆ ತೋರಿಸುತ್ತದೆ, ಸಾಲುಮರಗಳ ನಡುವಿನ ಅಂತರವೂ ಅಷ್ಟೇ ಇರುತ್ತದೆ. ಮುಂದಿನ ವರ್ಷ ಹೋದವರಿಗೆ ಯಾವುದು ಯಾವ ಮರವೆಂದು ತಿಳಿಯುವುದಿಲ್ಲ. ಆದ್ದರಿಂದ ಮನೆ ನಂಬರೋ ವಿದ್ಯುತ್ ಕಂಬದ ನಂಬರೋ, ಜೊತೆಗೆ ‘ಎಡಗಡೆಯಿಂದ ಮೂರನೆಯದು’ ಎಂಬಂಥ ಗುರುತೂ ಇರಲಿ. ನಂಬರ್ ಪಟ್ಟಿ ಹೊಡೆಯುವುದಾದರೆ ಅಲ್ಯೂಮಿನಿಯಂ ಮೊಳೆಯನ್ನು ಎರಡು ಸೆಂಟಿಮೀಟರ್ ಹೊರಗೆ ಬಿಟ್ಟು ಹೊಡೆಯಿರಿ, ಕಾಂಡ ದಪ್ಪವಾಗುತ್ತ ಹೋದಾಗ ಪಟ್ಟಿಯನ್ನು ನುಂಗದಿರಲಿ. ತಂತಿ ಸುತ್ತಿ ಕಟ್ಟುವುದಂತೂ ಬೇಡವೇ ಬೇಡ.

ಖಾಲಿ ಜಾಗಗಳನ್ನೂ ಇದೇ ಸುತ್ತಿನಲ್ಲಿ ಬರೆದುಕೊಳ್ಳಿ. ಎಲ್ಲಿ ಮರವಿಲ್ಲ, ಅಲ್ಲಿ ಕಾಲುದಾರಿ ಎಷ್ಟು ಅಗಲ, ಕೆಳಗೆ ನೀರಿನ ಕೊಳವೆ, ಒಳಚರಂಡಿ ಹೋಗಿದೆಯೇ ಎಂಬ ಮಾಹಿತಿಯಿಲ್ಲದೆ ನೆಡುವ ಕಾರ್ಯಕ್ರಮ ಹಾಕಿಕೊಂಡರೆ ಮತ್ತೆ ಅದೇ ವನಮಹೋತ್ಸವದ ಕಥೆಯಾಗುತ್ತದೆ.

ಗುರಿಯನ್ನು ಸಸಿಗಳ ಸಂಖ್ಯೆಯಲ್ಲಿ ಬರೆಯಬೇಡಿ, ಎಲೆಹರವಿನ ಶೇಕಡಾವಾರಿನಲ್ಲಿ, ಅಂದರೆ ನೆಲದ ಎಷ್ಟು ಪಾಲನ್ನು ಎಲೆಗಳು ಮುಚ್ಚಿವೆ ಎಂಬ ಲೆಕ್ಕದಲ್ಲಿ, ವಾರ್ಡುವಾರು ಬರೆಯಿರಿ. ಮೆಲ್ಬರ್ನ್ ನಗರ 2012ರಲ್ಲಿ ಮಾಡಿದ ಯೋಜನೆಯ ಗುರಿ ಹೀಗಿತ್ತು: ಸಾರ್ವಜನಿಕ ಜಾಗದ ಮೇಲಿನ ಎಲೆಹರವನ್ನು ಶೇ 22ರಿಂದ 2040ರ ಹೊತ್ತಿಗೆ ಶೇ 40ಕ್ಕೆ ಏರಿಸುವುದು. ಹೀಗೆ ಬರೆದಾಗ ಒಂದು ದೊಡ್ಡ ಮಳೆಮರ ಹೋದರೆ ಎಷ್ಟು ನಷ್ಟವೆಂದು ತಕ್ಷಣ ಕಾಣುತ್ತದೆ. ಹಣದ ವಿಷಯದಲ್ಲಿ ನಮ್ಮ ಅಭಿಪ್ರಾಯ ಖಚಿತ: ಮೂರರಲ್ಲಿ ಎರಡು ಪಾಲು ಇರುವ ಮರಗಳ ಆರೈಕೆಗೆ, ಒಂದು ಪಾಲು ಹೊಸದಾಗಿ ನೆಟ್ಟು ಮೂರು ವರ್ಷ ನೀರುಣಿಸುವುದಕ್ಕೆ. ನೆಡುವ ಗುತ್ತಿಗೆಯಲ್ಲಿ ಕಡೆಯ ಕಂತನ್ನು ಮೂರನೇ ಬೇಸಿಗೆ ದಾಟಿ ಬದುಕಿದ ಸಸಿಗಳಿಗೆ ಮಾತ್ರ ಕೊಡುವಂತೆ ಷರತ್ತು ಹಾಕಿ.

ಪ್ರಶ್ನೆ: ಪ್ರತಿ ಬೇಸಿಗೆ ವಿದ್ಯುತ್ ತಂತಿಗೆ ತಾಗುತ್ತದೆಂದು ನಮ್ಮ ಬೀದಿಯ ಮರಗಳ ಒಂದು ಬದಿಯನ್ನು ಮಚ್ಚಿನಿಂದ ಕೊಚ್ಚಿ ಹೋಗುತ್ತಾರೆ. ಈಗ ಎಲ್ಲವೂ ಮನೆಗಳ ಕಡೆ ವಾಲಿವೆ. ಸರಿಯಾಗಿ ಸವರುವುದು ಹೇಗೆ?

ಉತ್ತರ: ಒಂದೇ ಬದಿ ಕಡಿದಾಗ ಭಾರವೆಲ್ಲ ಇನ್ನೊಂದು ಬದಿಗೆ ಹೋಗುತ್ತದೆ, ವಾಲುವುದು ಅದರಿಂದಲೇ. ಕೊಂಬೆಯ ಮಧ್ಯಕ್ಕೆ ಕೊಚ್ಚಿದ ಕಡೆ ಚಿಗುರು ಗೊಂಚಲು ಗೊಂಚಲಾಗಿ ಬರುತ್ತದೆ. ಆ ಚಿಗುರಿಗೆ ಒಳಗಿನ ಮರದೊಂದಿಗೆ ಗಟ್ಟಿ ಬೆಸುಗೆ ಇರುವುದಿಲ್ಲ, ಬೇಗ ಬೆಳೆದು ಮತ್ತೆ ತಂತಿ ಮುಟ್ಟಿ ಗಾಳಿಗೆ ಸೀಳುತ್ತದೆ. ಹಾಗಾಗಿ ಪ್ರತಿ ವರ್ಷ ಕಡಿಯಬೇಕಾಗುವುದಕ್ಕೆ ಆ ಕಡಿತವೇ ಕಾರಣ.

ಸರಿಯಾದ ಕ್ರಮದಲ್ಲಿ ತಂತಿಯತ್ತ ಹೋಗುವ ಕೊಂಬೆಯನ್ನು ಅದು ಹುಟ್ಟಿದ ಜಾಗದವರೆಗೆ ತೆಗೆಯುತ್ತಾರೆ, ತಂತಿಯಿಂದ ದೂರ ಸಾಗುವ ಕೊಂಬೆಯನ್ನು ಉಳಿಸುತ್ತಾರೆ. ಭಾರದ ಕೊಂಬೆಗೆ ಮೂರು ಕೊಯ್ತ ಬೇಕು. ಮೊದಲನೆಯದು ಕಾಂಡದಿಂದ ಸುಮಾರು 30 ಸೆಂಟಿಮೀಟರ್ ಆಚೆ, ಕೆಳಗಿನಿಂದ ಮೇಲಕ್ಕೆ, ಕೊಂಬೆಯ ಕಾಲು ಭಾಗದಷ್ಟು ಆಳ. ಎರಡನೆಯದು ಅದಕ್ಕಿಂತ ಮೂರ್ನಾಲ್ಕು ಸೆಂಟಿಮೀಟರ್ ಆಚೆ, ಮೇಲಿನಿಂದ ಪೂರ್ತಿ. ಕೊಂಬೆ ಅಲ್ಲಿಗೆ ಉದುರುತ್ತದೆ, ಕಾಂಡದ ತೊಗಟೆ ಸುಲಿಯುವುದಿಲ್ಲ. ಉಳಿದ ಮೋಟನ್ನು ಮೂರನೆಯ ಕೊಯ್ತದಲ್ಲಿ ತೆಗೆಯಬೇಕು. ಕೊಂಬೆ ಕಾಂಡ ಸೇರುವಲ್ಲಿ ಉಂಗುರದಂಥ ಉಬ್ಬು ಇರುತ್ತದಲ್ಲ, ಅದನ್ನು ಮುಟ್ಟದೆ ಅದರ ಹೊರ ಅಂಚಿಗೇ ಗರಗಸ ಇಡಬೇಕು. ಗಾಯ ಮುಚ್ಚುವ ಹೊಸ ತೊಗಟೆ ಬರುವುದು ಆ ಉಬ್ಬಿನಿಂದ. ಅದನ್ನು ಸವರಿ ನುಣುಪು ಮಾಡಿದರೂ ಕೆಡುತ್ತದೆ, ಮೋಟು ಬಿಟ್ಟರೂ ಕೊಳೆಯುತ್ತದೆ. ಟಾರು, ಬಣ್ಣ, ಸೆಗಣಿ ಯಾವುದನ್ನೂ ಬಳಿಯಬೇಡಿ, ತೇವ ಒಳಗೇ ಉಳಿದು ಕೊಳೆತಕ್ಕೆ ಅನುಕೂಲವಾಗುತ್ತದೆ.

ಒಂದು ಸಲಕ್ಕೆ ಹಸಿರು ಭಾಗದ ಕಾಲು ಪಾಲಿಗಿಂತ ಹೆಚ್ಚು ತೆಗೆಯಬಾರದು. ಏಪ್ರಿಲ್–ಮೇ ಮಳೆಗಾಳಿಗೆ ಮುಂಚೆ, ಫೆಬ್ರುವರಿ ಹೊತ್ತಿಗೆ ಮುಗಿಸುವುದು ಒಳ್ಳೆಯದು. ಗೂಡು ಇದ್ದರೆ ಮರಿ ಹಾರುವವರೆಗೆ ಆ ಕೊಂಬೆ ಬಿಡಿ. ತಂತಿಯ ಹತ್ತಿರದ ಕೆಲಸವನ್ನು ನಿವಾಸಿಗಳು ತಾವೇ ಮಾಡಬಾರದು, ವಿದ್ಯುತ್ ನಿಲ್ಲಿಸಿ ತರಬೇತಾದವರೇ ಮಾಡಬೇಕು. ನಗರಸಭೆಯ ಯೋಜನೆಯಲ್ಲಿ ವಿದ್ಯುತ್ ಕಂಪನಿಯೊಂದಿಗೆ ಲಿಖಿತ ಒಪ್ಪಂದವಿರಲಿ: ಯಾರು ಕಡಿಯುತ್ತಾರೆ, ಯಾವ ತಿಂಗಳು, ಯಾವ ಕ್ರಮ. ದೊಡ್ಡ ಮರಗಳ ಸಾಲಿರುವಲ್ಲಿ ಬರಿಯ ತಂತಿ ತೆಗೆದು ಹೊದಿಕೆಯಿರುವ ಕೇಬಲ್ ಎಳೆದರೆ ಅರ್ಧ ಜಗಳ ಮುಗಿಯುತ್ತದೆ.

ಪ್ರಶ್ನೆ: ಹೊಸ ಕಾಲುದಾರಿ ಮಾಡುವಾಗ ಗುತ್ತಿಗೆದಾರರು ಮರದ ಕಾಂಡಕ್ಕೆ ತಾಗುವಂತೆ ಕಾಂಕ್ರೀಟ್ ಸುರಿದಿದ್ದಾರೆ. ಪಕ್ಕದಲ್ಲೇ ಚರಂಡಿಗೆ ಅಗೆತವೂ ಶುರುವಾಗಿದೆ. ಏನು ಮಾಡಬಹುದು?

ಉತ್ತರ: ಮೊದಲು ಅಗೆತ ನಿಲ್ಲಿಸಿ, ಕಾಂಕ್ರೀಟ್ ಆಮೇಲೆ. ಕಾಂಕ್ರೀಟು ಮರವನ್ನು ನಿಧಾನಕ್ಕೆ ಕೊಲ್ಲುತ್ತದೆ. ಚರಂಡಿ ಒಂದೇ ದಿನದಲ್ಲಿ ಅದನ್ನು ಆಧಾರವಿಲ್ಲದಂತೆ ಮಾಡುತ್ತದೆ.

ಮರದ ಬೇರೆಲ್ಲ ಆಳಕ್ಕಿಳಿಯುತ್ತದೆಂಬುದು ತಪ್ಪು ಕಲ್ಪನೆ. ಬಹುಪಾಲು ಬೇರು ಮೇಲಿನ ಒಂದು ಮೀಟರ್ ಮಣ್ಣಿನಲ್ಲೇ ಅಡ್ಡಡ್ಡ ಹರಡಿರುತ್ತದೆ. ಕಾಂಡದ ವ್ಯಾಸದ 12 ಪಟ್ಟು ದೂರದವರೆಗೆ ಎಲ್ಲ ದಿಕ್ಕಿಗೂ ಅಗೆಯಬಾರದ ಜಾಗವೆಂದು ಲೆಕ್ಕ ಹಾಕುತ್ತಾರೆ. ನಿಮ್ಮ ಮರದ ಸುತ್ತಳತೆ 157 ಸೆಂಟಿಮೀಟರ್ ಇದ್ದರೆ ವ್ಯಾಸ 50, ಆಗ ಆ ವಲಯ ಆರು ಮೀಟರ್. ನಮ್ಮ ರಸ್ತೆಗಳಲ್ಲಿ ಅಷ್ಟು ಜಾಗ ಸಿಗುವುದಿಲ್ಲ, ನಿಜ. ಸಿಗದ ಕಡೆ ಜೆಸಿಬಿ ಬಿಟ್ಟು ಕೈಯಲ್ಲಿ ಅಗೆಯಬೇಕು. ಐದು ಸೆಂಟಿಮೀಟರಿಗಿಂತ ದಪ್ಪದ ಬೇರನ್ನು ಕತ್ತರಿಸದೆ ಅದರ ಅಡಿಯಲ್ಲಿ ಕೊಳವೆ ತೂರಿಸಬೇಕು. ಹೊರಗೆ ಕಂಡ ಬೇರಿಗೆ ಒದ್ದೆ ಗೋಣಿ ಹೊದಿಸಿ ಅಂದೇ ಮಣ್ಣು ಮುಚ್ಚಬೇಕು. ಒಂದು ಬದಿಯ ದಪ್ಪ ಬೇರುಗಳು ಹೋದ ಮರ ಎಲೆಗಳಲ್ಲಿ ಏನನ್ನೂ ತೋರಿಸದೆ ನಿಂತಿದ್ದು, ಮುಂಗಾರುಪೂರ್ವದ ಮೊದಲ ಬಿರುಗಾಳಿಗೆ ಬುಡಸಮೇತ ಮಗುಚುವುದುಂಟು. ಆಗ ದೂರು ಮರದ ಮೇಲೆ ಬರುತ್ತದೆ, ಚರಂಡಿ ತೋಡಿದ್ದು ಯಾರಿಗೂ ನೆನಪಿರುವುದಿಲ್ಲ.

ಕಾಂಕ್ರೀಟ್ ಬಗ್ಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರ ಏಪ್ರಿಲ್‌ನಲ್ಲಿ ದೆಹಲಿಯ ಪ್ರಕರಣವೊಂದರಲ್ಲಿ ಮರದ ಸುತ್ತ ಒಂದು ಮೀಟರ್ ಒಳಗಿನ ಕಾಂಕ್ರೀಟ್ ತೆಗೆಯಲು ಆದೇಶಿಸಿತು. ಇದನ್ನು ಉಲ್ಲೇಖಿಸಿ ಎಂಜಿನಿಯರಿಗೂ ವೃಕ್ಷಾಧಿಕಾರಿಗೂ (ಮರ ಕಡಿಯಲು ಅನುಮತಿ ಕೊಡುವ ಅಧಿಕಾರಿ) ಫೋಟೋ ಸಮೇತ ಬರೆಯಿರಿ. ಒಡೆಯುವಾಗ ಉಳಿ–ಸುತ್ತಿಗೆಯಿಂದ ಹೊರಗಿನಿಂದ ಒಳಕ್ಕೆ ಬರಬೇಕು, ಡ್ರಿಲ್ ಯಂತ್ರವನ್ನು ಬೇರಿನ ಮೇಲೆ ಇಡಬಾರದು. ತೆರವಾದ ಜಾಗಕ್ಕೆ ಮೊದಲಿದ್ದ ಮಟ್ಟದವರೆಗೆ ಮಾತ್ರ ಮಣ್ಣು, ಮೇಲೆ ಒಣ ಎಲೆಯ ಹೊದಿಕೆ. ಹಲವರು ಚೆಂದಕ್ಕೆಂದು ಕಟ್ಟೆ ಕಟ್ಟಿ ಎರಡಡಿ ಮಣ್ಣು ತುಂಬುತ್ತಾರೆ. ಬುಡದ ತೊಗಟೆ ಕೊಳೆಯಲು, ಬೇರಿಗೆ ಗಾಳಿ ತಪ್ಪಲು ಅಷ್ಟು ಸಾಕು.

ಪ್ರಶ್ನೆ: ಯಾವ ಮರ ನೆಡಬೇಕು? ಎಲ್ಲರೂ ಟಬೂಬಿಯಾ ಕೇಳುತ್ತಾರೆ.

ಉತ್ತರ: ಹೂಬಿಟ್ಟಾಗ ಫೋಟೋ ಚೆನ್ನಾಗಿ ಬರುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಇಡೀ ಬಡಾವಣೆಗೆ ಒಂದೇ ಜಾತಿ ನೆಟ್ಟರೆ ಒಂದು ರೋಗ ಬಂದರೂ ಎಲ್ಲ ಹೋಗುತ್ತವೆ. ಅಮೆರಿಕದ ಸಸ್ಯತಜ್ಞ ಫ್ರಾಂಕ್ ಸಂಟಮೂರ್ 1990ರಲ್ಲಿ ಕೊಟ್ಟ ಲೆಕ್ಕ ಇಂದಿಗೂ ಬಳಕೆಯಲ್ಲಿದೆ: ಊರಿನ ಒಟ್ಟು ಮರಗಳಲ್ಲಿ ಒಂದು ಪ್ರಭೇದ (ಜಾತಿ) ಶೇ 10, ಒಂದು ಕುಲ (ಹತ್ತಿರದ ಪ್ರಭೇದಗಳ ಗುಂಪು) ಶೇ 20, ಒಂದು ಕುಟುಂಬ (ಹತ್ತಿರದ ಕುಲಗಳ ಗುಂಪು) ಶೇ 30 ಮೀರಬಾರದು. ಗುಲ್‌ಮೊಹರ್, ಕಾಪರ್‌ಪಾಡ್, ಹೊಂಗೆ, ಮಳೆಮರ, ಕಕ್ಕೆ ಎಲ್ಲ ಒಂದೇ ದ್ವಿದಳ ಕುಟುಂಬದವು ಎಂಬುದನ್ನು ನೆನೆದರೆ ನಮ್ಮ ಊರುಗಳು ಎಲ್ಲಿ ನಿಂತಿವೆಯೆಂದು ತಿಳಿಯುತ್ತದೆ.

ವಯಸ್ಸಿನ ವೈವಿಧ್ಯವೂ ಅಷ್ಟೇ ಮುಖ್ಯ. ಬೆಂಗಳೂರಿನಲ್ಲಿ 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ನೇತೃತ್ವದಲ್ಲಿ ಸುಮಾರು 15 ಲಕ್ಷ ಗಿಡ ನೆಟ್ಟಿದ್ದರಿಂದ ನಗರ ಉಸಿರಾಡಿತು. ಅವುಗಳಲ್ಲಿ ಉಳಿದವಕ್ಕೆ ಈಗ ಹೆಚ್ಚುಕಡಿಮೆ ಒಂದೇ ಪ್ರಾಯ, ಬೇಗ ಬೆಳೆಯುವ ಜಾತಿಗಳು ಒಟ್ಟಿಗೇ ಮುದಿಯಾಗುತ್ತಿವೆ. ನಿಮ್ಮ ಊರಲ್ಲಿ ಪ್ರತಿ ಬೀದಿಗೂ ವರ್ಷಕ್ಕೊಂದಿಷ್ಟು ಎಂದು ಹಂಚಿ ನೆಡಿ.

ತಂತಿಯಡಿ ಕಕ್ಕೆಯಂಥ ಚಿಕ್ಕ ಮರ. ಮಧ್ಯಮ ಜಾಗಕ್ಕೆ ಹೊಂಗೆ, ರಂಜಲು, ಹೊಳೆದಾಸವಾಳ. ಪಾರ್ಕು, ಕೆರೆದಂಡೆ, ಶಾಲೆ ಬಯಲಿಗೆ ಹೊಳೆಮತ್ತಿ, ನೇರಳೆ, ಮಾವು, ಅತ್ತಿ. ಆಲ, ಅರಳಿಯನ್ನು ಕಾಲುದಾರಿಗೆ ತರಬೇಡಿ. ಎಂಟು ಮೀಟರ್ ಹರವಿನ ಮರ ಸುಮಾರು 50 ಚದರ ಮೀಟರ್ ನೆರಳು ಕೊಡುತ್ತದೆ, ಅದಕ್ಕೆ ಸಡಿಲ ಮಣ್ಣು 30 ಘನ ಮೀಟರ್ ಬೇಕು. ನಾವು ತೋಡುವ ಗುಂಡಿ ಮೀಟರ್ ಉದ್ದ, ಮೀಟರ್ ಅಗಲ, ಮೀಟರ್ ಆಳ, ಒಂದೇ ಘನ ಮೀಟರ್! ಆದ್ದರಿಂದ ಬಿಡಿ ಗುಂಡಿಗಳ ಬದಲು ಗುಂಡಿಯಿಂದ ಗುಂಡಿಗೆ ಉದ್ದ ಮಣ್ಣಿನ ಪಟ್ಟಿ ಬಿಡುವಂತೆ ರಸ್ತೆ ನಕ್ಷೆಯಲ್ಲೇ ಬರೆಸಿ.

ಎರಡೂವರೆ ಮೀಟರ್ ಎತ್ತರದ ಸಸಿ ಇರಲಿ. ಪ್ಲಾಸ್ಟಿಕ್ ಚೀಲ ಪೂರ್ತಿ ತೆಗೆದು, ಒಳಗೆ ಸುತ್ತಿಕೊಂಡ ಬೇರನ್ನು ಕತ್ತರಿಸಿ ಬಿಡಿಸಿ. ಬಿಡಿಸದಿದ್ದರೆ ಅದು ವರ್ಷಗಳ ಮೇಲೆ ಕಾಂಡವನ್ನೇ ಬಿಗಿಯುತ್ತದೆ. ಬೇರು ಶುರುವಾಗುವ ಜಾಗ ನೆಲದ ಮಟ್ಟದಲ್ಲೇ ಇರಬೇಕು. ಬೇಸಿಗೆಯಲ್ಲಿ ದಿನ ಬಿಟ್ಟು ದಿನ 15–20 ಲೀಟರ್ ನೀರು.

ಪ್ರಶ್ನೆ: ನಮ್ಮ ಶಾಲೆಯ ಹಳೇ ಮಳೆಮರದ ಕಾಂಡ ಟೊಳ್ಳು. ಕಡಿಸಬೇಕೆಂದು ಕೆಲವರು, ಸಿಮೆಂಟ್ ತುಂಬಿಸಿ ಎಂದು ಕೆಲವರು.

ಉತ್ತರ: ಎರಡೂ ಈಗಲೇ ಬೇಡ. ಸಿಮೆಂಟ್ ಮರದೊಂದಿಗೆ ಬಾಗುವುದಿಲ್ಲ, ಅಂಚಿನಲ್ಲಿ ನೀರು ನಿಂತು ಕೊಳೆತ ಹೆಚ್ಚುತ್ತದೆ. ಟೊಳ್ಳು ಮಾತ್ರಕ್ಕೆ ಮರ ಅಪಾಯಕಾರಿಯಲ್ಲ. ಮರದ ಸುತ್ತಿಗೆಯಿಂದ ಸುತ್ತಲೂ ತಟ್ಟಿ ಸದ್ದು ಕೇಳಿ, ರಂಧ್ರದಿಂದ ಕಂಬಿ ತೂರಿಸಿ ಗಟ್ಟಿ ಗೋಡೆಯ ದಪ್ಪ ಅಳೆಯಿರಿ. ಅದು ಕಾಂಡದ ತ್ರಿಜ್ಯದ ಮೂರನೇ ಒಂದು ಪಾಲಿಗಿಂತ ಕಡಿಮೆಯಿದ್ದರೆ ಚಿಂತಿಸಬೇಕು. ಟೊಳ್ಳು ಒಂದು ಬದಿ ಬಾಯ್ತೆರೆದಿದ್ದರೆ ಅಷ್ಟಿದ್ದರೂ ಸಾಲದು. ಬುಡದಲ್ಲಿ ಹಲಗೆಯಂಥ ಗಟ್ಟಿ ಅಣಬೆ, ಒಂದು ಬದಿ ಮಣ್ಣು ಉಬ್ಬಿ ಬಿರುಕು, ಇತ್ತೀಚೆಗೆ ಶುರುವಾದ ವಾಲುವಿಕೆ, ಇವುಗಳಲ್ಲಿ ಯಾವುದು ಕಂಡರೂ ಮಕ್ಕಳನ್ನು ಅಂದೇ ಅಡಿಯಿಂದ ದೂರವಿರಿಸಿ ವೃಕ್ಷಾಧಿಕಾರಿಗೆ ತಿಳಿಸಿ. ಇಲ್ಲವಾದರೆ ತುದಿಯ ಭಾರ ಸ್ವಲ್ಪ ಇಳಿಸಿ, ವರ್ಷಕ್ಕೆರಡು ಸಲ ನೋಡಿ, ಬೆಂಚನ್ನು ಹರವಿನ ಹೊರಗೆ ಸರಿಸಿದರೆ ಸಾಕಾಗಬಹುದು.

ಪ್ರಶ್ನೆ: ರಸ್ತೆ ಅಗಲೀಕರಣಕ್ಕೆ ಕಡಿಯುವ ಬದಲು ಮರಗಳನ್ನು ಸ್ಥಳಾಂತರಿಸುತ್ತೇವೆ ಎನ್ನುತ್ತಾರೆ. ನಂಬಬಹುದೇ?

ಉತ್ತರ: ಜಾತಿ ನೋಡಿ ನಂಬಿ. ಆಲ, ಅರಳಿ, ಅತ್ತಿ ಬೇರು ಕಡಿದರೂ ಚೇತರಿಸಿಕೊಳ್ಳುತ್ತವೆ. ಹಳೆಯ ಮಾವು, ನೇರಳೆಯಲ್ಲಿ ಆ ಭರವಸೆ ಕಡಿಮೆ. ಕಾಂಡದ ವ್ಯಾಸದ ಹತ್ತು ಪಟ್ಟು ಅಗಲದ ಬೇರುಗಡ್ಡೆ (ಬೇರು ಹಿಡಿದ ಮಣ್ಣಿನ ಮುದ್ದೆ) ಏಳಬೇಕು. ವ್ಯಾಸ 40 ಸೆಂಟಿಮೀಟರ್ ಆದರೆ ಅದು ನಾಲ್ಕು ಮೀಟರ್, ಹಲವು ಟನ್ ತೂಕ. ವಾರಗಳ ಮೊದಲೇ ಹಂತಹಂತವಾಗಿ ಬೇರು ಕತ್ತರಿಸಿ ಸಿದ್ಧ ಮಾಡದೆ ಒಂದೇ ದಿನದಲ್ಲಿ ಕಿತ್ತೊಯ್ದರೆ ಅದು ಕಡಿದ ಹಾಗೆಯೇ. ದೆಹಲಿಯ 2020ರ ಮರ ಸ್ಥಳಾಂತರ ನೀತಿ ಒಂದು ವರ್ಷದ ನಂತರ ಶೇ 80 ಮರಗಳು ಬದುಕಿರಬೇಕೆಂದು ಷರತ್ತು ಹಾಕಿದೆ. ನಿಮ್ಮಲ್ಲೂ ಅಂಥ ಷರತ್ತನ್ನು ಗುತ್ತಿಗೆಯಲ್ಲಿ ಕೇಳಿ. ಸಾರ್ವಜನಿಕ ಕಾಮಗಾರಿಗೆ 50ಕ್ಕಿಂತ ಹೆಚ್ಚು ಮರ ಕಡಿಯುವುದಾದರೆ ನಮ್ಮ ಕಾಯ್ದೆಯ ಪ್ರಕಾರ ಸಾರ್ವಜನಿಕ ನೋಟಿಸು ಹೊರಡಿಸಿ ಆಕ್ಷೇಪಣೆ ಕರೆಯಬೇಕು. ಆ ನೋಟಿಸಿಗೆ ಉತ್ತರಿಸುವಾಗ ಬರೀ ‘ಕಡಿಯಬೇಡಿ’ ಎನ್ನದೆ, ಮರದ ನಂಬರು ಹಾಕಿ, ನಕ್ಷೆಯಲ್ಲಿ ಯಾವ ಕಡೆ ಎಷ್ಟು ಮೀಟರ್ ಸರಿಸಿದರೆ ಅದು ಉಳಿಯುತ್ತದೆಂದು ಬರೆಯಿರಿ.

ಪ್ರಶ್ನೆ: ನನ್ನ ಸ್ವಂತ ನಿವೇಶನದ ಮರಕ್ಕೂ ಅನುಮತಿ ಬೇಕೇ?

ಉತ್ತರ: ಬೇಕು. ನೀಲಗಿರಿ, ಸರ್ವೆ, ಸಿಲ್ವರ್ ಓಕ್, ಸುಬಾಬುಲ್, ತೆಂಗಿನಂಥ ಕೆಲವಕ್ಕೆ ವಿನಾಯಿತಿ ಇದೆ. ಉಳಿದವಕ್ಕೆ ವೃಕ್ಷಾಧಿಕಾರಿಗೆ ಅರ್ಜಿ ಹಾಕಿ, ಅವರು ಬಂದು ನೋಡಿ ಲಿಖಿತ ಆದೇಶ ಕೊಡುವವರೆಗೆ ಗರಗಸ ಮುಟ್ಟಬೇಡಿ.