ಖಡ್ಗವಿಲ್ಲದ ದ್ವೀಪದಲ್ಲಿ ಖಣಖಣ

ಪ್ರಿಯರೆ,

ನಮಸ್ಕಾರ. ‘ಹವಾಯಿಯ ಕುರುಕ್ಷೇತ್ರ’ ಎಂಬ ನಿಮ್ಮ ಲೇಖನ ಕೈಸೇರಿ ಮೂರು ವಾರವಾಯಿತು. ಸಾಮಾನ್ಯವಾಗಿ ನಮ್ಮಲ್ಲಿಂದ ಹೋಗುವುದು ಎರಡು ಸಾಲಿನ ಉತ್ತರ: ‘ಸ್ವೀಕರಿಸಿದ್ದೇವೆ’ ಅಥವಾ ‘ವಿಷಾದಿಸುತ್ತೇವೆ’. ನಿಮ್ಮ ಲೇಖನಕ್ಕೆ ಎರಡೂ ಹೊಂದಲಿಲ್ಲ. ಮೊದಲ ಸಲ ಓದಿ ಸಿಟ್ಟು ಬಂದು ಬದಿಗಿಟ್ಟೆ. ಎರಡನೆಯ ಸಲ ಓದಿದಾಗಲೂ ಅದೇ ಜಾಗಗಳಲ್ಲಿ ಸಿಟ್ಟು ಬಂತು. ಹಾಗಾಗಿ ಈ ಉದ್ದದ ಪತ್ರ.

ಮೆಚ್ಚಬೇಕಾದ್ದನ್ನು ಮೊದಲು ಮುಗಿಸಿಬಿಡುತ್ತೇನೆ. ವಿಷಯ ಹೊಸದು. 2025ರ ಆಗಸ್ಟ್ ಮತ್ತು ಸೆಪ್ಟೆಂಬರಿನಲ್ಲಿ ಆ್ಯಪಲ್ ಟಿ.ವಿ.ಯಲ್ಲಿ ಬಂದ ‘ಚೀಫ್ ಆಫ್ ವಾರ್’ ಸರಣಿಯ ಒಂಬತ್ತೂ ಕಂತುಗಳನ್ನು ತಾಳ್ಮೆಯಿಂದ ನೋಡಿದ್ದೀರಿ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಹವಾಯಿಯ ದ್ವೀಪರಾಜ್ಯಗಳು ಪರಸ್ಪರ ಕಾದಾಡಿದ ಕಥೆಯನ್ನು ಕನ್ನಡದ ಓದುಗರಿಗೆ ಹೇಳಬೇಕೆಂದು ನಿಮಗೆ ಅನ್ನಿಸಿದ್ದೇ ದೊಡ್ಡದು. ಕೈಬರಹ ಅಂದವಾಗಿದೆ. ಕಾಗುಣಿತದ ತಪ್ಪುಗಳು ಎರಡೇ. ಇಷ್ಟು.

ಈಗ ಮೂರನೆಯ ಪುಟಕ್ಕೆ ಬನ್ನಿ. ನೀವು ಬರೆದದ್ದು ಹೀಗಿದೆ:

‘ಖಡ್ಗಗಳ ಖಣಖಣತ್ಕಾರ ಮುಗಿಲು ಮುಟ್ಟುತ್ತದೆ. ರಣಕಹಳೆ ಮೊಳಗುತ್ತದೆ. ಸಿಂಹಾಸನಕ್ಕಾಗಿ ದಾಯಾದಿಗಳು ಸೆಣಸುತ್ತಾರೆ. ರಕ್ತದ ಹೊಳೆ ಹರಿಯುತ್ತದೆ. ಇವೆಲ್ಲದರ ನಡುವೆ ಸ್ವಾಮಿನಿಷ್ಠೆಗೆ ಹೆಸರಾದ ಕೈಯಾನಾ ಹವಾಯಿಯ ಕರ್ಣನಂತೆ ಎದೆ ಸೆಟೆಸಿ ನಿಲ್ಲುತ್ತಾನೆ.’

ಐದು ವಾಕ್ಯ. ಒಂದೊಂದಾಗಿ ನೋಡೋಣ.

ಖಡ್ಗ ಎಲ್ಲಿತ್ತು? ಆ ದ್ವೀಪಗಳಲ್ಲಿ ಲೋಹ ಕರಗಿಸಿ ಕಾಯಿಸಿ ಬಡಿಯುವ ಕಸುಬೇ ಇರಲಿಲ್ಲ. 1778ರ ಜನವರಿಯಲ್ಲಿ ಜೇಮ್ಸ್ ಕುಕ್‌ನ ಹಡಗುಗಳು ಕವಾಯ್ ದ್ವೀಪದ ದಡಕ್ಕೆ ಬಂದಾಗ ಅಲ್ಲಿನ ಜನ ಕಬ್ಬಿಣದ ಮೊಳೆಗಳಿಗೆ ಬದಲಾಗಿ ಹಂದಿ, ಗೆಣಸು ಕೊಟ್ಟರು. ಮೊಳೆಗೆ ಹಂದಿ ಕೊಡುವ ನಾಡಿನಲ್ಲಿ ಸಾಲುಸಾಲು ಖಡ್ಗಗಳನ್ನು ನೀವು ಎಲ್ಲಿಂದ ತಂದಿರಿ? ಅವರ ಕೈಯಲ್ಲಿದ್ದದ್ದು ಗಟ್ಟಿಮರದ ಈಟಿ, ದೊಣ್ಣೆ, ಕವಣೆಕಲ್ಲು. ಆಮೇಲೆ ಹಡಗಿನವರಿಂದ ಬಂದ ಚೂರಿ, ಬಂದೂಕು. ಮತ್ತೊಂದು ಆಯುಧವಿತ್ತು, ಲೆಯೊಮನೊ: ಮರದ ಹಲಗೆಯ ಅಂಚಿನ ಉದ್ದಕ್ಕೂ ಶಾರ್ಕಿನ ಹಲ್ಲುಗಳನ್ನು ಕಟ್ಟಿದ್ದು. ಅದು ಮೈಗೆ ತಗುಲಿದರೆ ಖಣ್ ಎನ್ನುವುದಿಲ್ಲ. ತೆಂಗಿನಕಾಯಿ ತುರಿಯುವಾಗ ತುರಿಮಣೆಯ ಹಲ್ಲಿನ ಮೇಲೆ ಬೆರಳು ಜಾರಿದ ಅನುಭವ ನಿಮಗಿದ್ದೀತು. ಸದ್ದಿರುವುದಿಲ್ಲ, ಮೊದಲು ನೋವೂ ಇರುವುದಿಲ್ಲ, ತುರಿ ಕೆಂಪಾದ ಮೇಲಷ್ಟೇ ಗೊತ್ತಾಗುತ್ತದೆ. ಆ ಯುದ್ಧಗಳ ಭೀಕರತೆ ಅಂಥದ್ದು. ಅದನ್ನು ನೀವು ಒಂಬತ್ತು ಕಂತು ನೋಡಿ, ಬರೆಯಲು ಕುಳಿತಾಗ ಕಣ್ಣು ಮುಚ್ಚಿ, ಕೈಗೆ ರೂಢಿಯಾದ ಶಬ್ದವನ್ನು ಇಳಿಸಿದಿರಿ.

ಈ ಖಡ್ಗದ ಮೇಲೆ ನನಗೆ ಸ್ವಂತ ದ್ವೇಷವೂ ಇದೆ, ಮುಚ್ಚಿಡುವುದಿಲ್ಲ. ಇಪ್ಪತ್ತೆರಡರ ವಯಸ್ಸಿನಲ್ಲಿ ಒಂದು ವಾರಪತ್ರಿಕೆಯಲ್ಲಿ ಕೆಲಸ ಕಲಿಯುತ್ತಿದ್ದೆ. ಕರಾವಳಿಯಿಂದ ಬಂದ ಯಕ್ಷಗಾನ ಮೇಳದ ಇಡೀ ರಾತ್ರಿಯ ಆಟ ನೋಡಿ ಬರೆಯಲು ಕಳಿಸಿದರು. ಪ್ರಸಂಗ ಕರ್ಣಾರ್ಜುನ. ನಾನು ಹನ್ನೊಂದರ ಕೊನೆಯ ಬಸ್ಸು ಹಿಡಿದು ಮನೆಗೆ ಬಂದು ಮಲಗಿದೆ. ಕಥೆ ಗೊತ್ತೇ ಇತ್ತಲ್ಲ! ಬೆಳಿಗ್ಗೆ ಎದ್ದು, ಕರ್ಣ ಖಡ್ಗ ಝಳಪಿಸುತ್ತ ರಂಗಸ್ಥಳವನ್ನೇ ನಡುಗಿಸಿದನೆಂದು ಬರೆದು ಕೊಟ್ಟೆ. ಅಚ್ಚಾಯಿತು. ವಾರದ ನಂತರ ಭಾಗವತರಿಂದ ಒಂದು ಪೋಸ್ಟ್ ಕಾರ್ಡು ಬಂತು: ‘ತಮ್ಮ ಬರಹ ಓದಿ ಸಂತೋಷವಾಯಿತು. ಆ ರಾತ್ರಿ ನಮ್ಮ ಚೌಕಿಯಲ್ಲಿ ಖಡ್ಗಗಳ ಪೆಟ್ಟಿಗೆಯನ್ನು ತೆರೆದಿರಲೇ ಇಲ್ಲ. ತಾವು ನೋಡಿದ್ದು ಯಾವ ಮೇಳದ ಆಟವೆಂದು ತಿಳಿಸಿದರೆ ಉಪಕಾರವಾಗುತ್ತದೆ.’ ನಮ್ಮ ಹಿರಿಯ ಉಪಸಂಪಾದಕರು ಬೈಯಲಿಲ್ಲ. ಕಾರ್ಡನ್ನು ನನ್ನ ಮೇಜಿನ ಗಾಜಿನ ಕೆಳಗೆ, ಚಹಾದ ಲೋಟ ಇಡುವ ಜಾಗದಲ್ಲೇ ಸೇರಿಸಿಟ್ಟರು. ಎರಡು ವರ್ಷ ದಿನಕ್ಕೆ ಮೂರು ಸಲ ಲೋಟ ಎತ್ತಿದಾಗಲೆಲ್ಲ ಭಾಗವತರ ಅಕ್ಷರ ಕಾಣುತ್ತಿತ್ತು. ಬೈದಿದ್ದರೆ ಒಂದು ವಾರದಲ್ಲಿ ಮರೆಯುತ್ತಿದ್ದೆ.

ಇರಲಿ. ಎರಡನೆಯ ವಾಕ್ಯದ ರಣಕಹಳೆಯೂ ಲೋಹದ್ದೇ. ಆ ದ್ವೀಪಗಳಲ್ಲಿ ಊದುತ್ತಿದ್ದದ್ದು ಕಡಲಿನ ಶಂಖ. ಶಂಖ ಎಂಬ ಚೊಕ್ಕ ಶಬ್ದ ನಮ್ಮಲ್ಲಿದೆ, ನಮ್ಮ ಯುದ್ಧಗಳಲ್ಲೂ ಇತ್ತು. ಕೈಗೆ ಸಿಗುವ ಹಾಗಿದ್ದ ಸರಿಯಾದ ಮಾತನ್ನು ಬಿಟ್ಟು ತಪ್ಪು ಮಾತಿಗೆ ಹಾರಿದ್ದು ನನಗೆ ಇಂದಿಗೂ ಅರ್ಥವಾಗಿಲ್ಲ. ಪುಣ್ಯಕ್ಕೆ ಕುದುರೆಗಳ ಖುರಪುಟ ಬರಲಿಲ್ಲ. ಅಲ್ಲಿಗೆ ಮೊದಲ ಕುದುರೆ ಕಾಲಿಟ್ಟದ್ದು 1803ರಲ್ಲಿ.

ಮೂರನೆಯ ವಾಕ್ಯದಲ್ಲಿ ‘ದಾಯಾದಿಗಳು’ ಸರಿ, ‘ಸಿಂಹಾಸನ’ ತಪ್ಪು. ಹವಾಯಿ ದ್ವೀಪದ ಒಡೆಯ ಕಲನಿಓಪುಉ ಸಾಯುವ ಮುನ್ನ ಆಸ್ತಿಯನ್ನು ವಿಚಿತ್ರವಾಗಿ ಹಂಚಿದ. ಮಗ ಕೀವಲಓನಿಗೆ ನೆಲ. ಸೋದರನ ಮಗ ಕಮೆಹಮೆಹನಿಗೆ ಯುದ್ಧದೇವತೆ ಕೂ ದೇವರ ಉಸ್ತುವಾರಿ. ಒಬ್ಬನಿಗೆ ಜಮೀನು, ಇನ್ನೊಬ್ಬನಿಗೆ ದೇವರು. ಹೀಗೆ ಹಂಚಿದ ಮನೆಯಲ್ಲಿ ಜಗಳ ಹುಟ್ಟದೆ ಇರುತ್ತದೆಯೇ? 1782ರಲ್ಲಿ ಮೊಕುಓಹೈ ಎಂಬಲ್ಲಿ ಕಾದಾಡಿದರು, ಕೀವಲಓ ಸತ್ತ. ಅಧಿಕಾರದ ಗುರುತು ಕುಳಿತುಕೊಳ್ಳುವ ಪೀಠವಾಗಿರಲಿಲ್ಲ, ಹೊದೆಯುವ ಪುಕ್ಕದ ನಿಲುವಂಗಿಯಾಗಿತ್ತು. ಕಮೆಹಮೆಹನ ಹಳದಿ ನಿಲುವಂಗಿ ಇಂದಿಗೂ ಹೊನೊಲುಲುವಿನ ಬಿಷಪ್ ಮ್ಯೂಸಿಯಮ್ಮಿನಲ್ಲಿದೆ. ಅದರಲ್ಲಿ ಸುಮಾರು 4,50,000 ಪುಕ್ಕಗಳಿವೆ ಎಂಬ ಅಂದಾಜಿದೆ. ಕಪ್ಪು ಹಕ್ಕಿಯೊಂದರ ಮೈಮೇಲೆ ಅಲ್ಲೊಂದು ಇಲ್ಲೊಂದು ಇರುವ ಹಳದಿ ಗರಿಗಳನ್ನು ಕೂಡಿಸಿ ಕೂಡಿಸಿ ಮಾಡಿದ್ದು. ಇಷ್ಟೆಲ್ಲ ಇರುವಾಗ ‘ಸಿಂಹಾಸನ’ ಎಂದು ಬರೆದು ಮುಂದಿನ ವಾಕ್ಯಕ್ಕೆ ಹೋಗಲು ನಿಮಗೆ ಮನಸ್ಸಾದರೂ ಹೇಗೆ ಬಂತು?

ನಾಲ್ಕನೆಯದು, ರಕ್ತದ ಹೊಳೆ. ಇದನ್ನು ಓದಿದಾಗ ಪೆನ್ನು ಕೆಳಗಿಟ್ಟು ಎದ್ದು ಓಡಾಡಿದೆ. 1790ರಲ್ಲಿ ಮಾವಿ ದ್ವೀಪದ ಈಯಾವ್ ಕಣಿವೆಯಲ್ಲಿ ಕಮೆಹಮೆಹನ ಸೈನ್ಯ ಫಿರಂಗಿ ತಂದು ಹೊಡೆಯಿತು. ಆ ಕಾಳಗಕ್ಕೆ ಅಲ್ಲಿನ ಜನ ಇಟ್ಟ ಹೆಸರು ಕೆಪನಿವಾಯ್. ನೀರಿಗೆ ಕಟ್ಟಿದ ಅಡ್ಡಗಟ್ಟೆ ಎಂದು ಅರ್ಥ. ಹೆಣಗಳು ಬಿದ್ದು ಕಣಿವೆಯ ತೊರೆ ಕಟ್ಟಿಕೊಂಡಿತು. ನಾವು ಇನ್ನೂರು ಕಾದಂಬರಿಗಳಲ್ಲಿ ಹೊಳೆ ಹರಿಸಿದ್ದೇವೆ. ಕಂಡವರು ಹೊಳೆ ನಿಂತಿತು ಎಂದರು.

ಇನ್ನು ಕರ್ಣ. ಸರಣಿಯ ನಾಯಕ, ನಿಮ್ಮ ಕೈಯಾನಾ (ನಾನು ಕಇಯನ ಎಂದು ಬರೆಯುತ್ತೇನೆ, ಕಾರಣ ಆಮೇಲೆ) ಕರ್ಣನಾಗುವುದು ಹೇಗೆ? ಕೃಷ್ಣನೇ ಬಂದು ಕರೆದರೂ ಪಕ್ಷ ಬಿಡದವನು ಕರ್ಣ. ಅವನ ದೊಡ್ಡತನ, ಅವನ ದುರಂತ ಎರಡೂ ಅಲ್ಲೇ ಇರುವುದು. ಈ ಕಇಯನ ಸರಣಿಯ ಆರಂಭದ ಕಂತುಗಳಲ್ಲೇ ಮಾವಿಯ ಒಡೆಯ ಕಹೆಕಿಲಿಯನ್ನು ಬಿಟ್ಟು ಓಡುತ್ತಾನೆ, ಆಮೇಲೆ ಕಮೆಹಮೆಹನ ಬಳಿ ಸೇರುತ್ತಾನೆ. ಸರಣಿ ಇನ್ನೂ ಮುಟ್ಟದ ಇತಿಹಾಸದಲ್ಲಿ ಅವನನ್ನೂ ಬಿಡುತ್ತಾನೆ. 1795ರಲ್ಲಿ ಒಆಹು ದ್ವೀಪದ ನುಉವನು ಕಣಿವೆಯಲ್ಲಿ ಅದೇ ಕಮೆಹಮೆಹನ ವಿರುದ್ಧ ನಿಂತು ಸತ್ತ. 1787ರಲ್ಲಿ ಜಾನ್ ಮಿಯರ್ಸ್ ಎಂಬ ವರ್ತಕನ ಹಡಗು ಹತ್ತಿ ಚೀನಾದ ಕ್ಯಾಂಟನ್‌ವರೆಗೆ ಹೋಗಿ ಬಂದವನು. ಹೊರಗಿನ ಲೋಕ ನೋಡಿ ಬಂದವನು ಒಳಗೆ ಯಾರಿಗೂ ಪೂರ್ತಿ ಸಲ್ಲದೆ ಹೋದ. ನನ್ನ ಕಣ್ಣಿಗೆ ಅವನ ಕಥೆಯ ಹುರುಳು ಇದು. ಕರ್ಣನ ಕವಚ ತೊಡಿಸಿದ ಕೂಡಲೇ ಅದು ಮರೆಯಾಗುತ್ತದೆ.

ಪರದೇಶದ ಕಥೆಗೆ ನಮ್ಮ ಊರಿನ ಹೋಲಿಕೆ ಕೊಡಲೇಬಾರದು ಎನ್ನುವವನಲ್ಲ ನಾನು. ನನ್ನ ತಕರಾರು ಬೇರೆ. ಎಲ್ಲಿ ನಮ್ಮ ಊರು ಇಲ್ಲವೋ ಅಲ್ಲಿ ಎಳೆದು ತಂದಿರಿ, ಎಲ್ಲಿ ನಿಜಕ್ಕೂ ಇತ್ತೋ ಅಲ್ಲಿ ಗುರುತಿಸಲೇ ಇಲ್ಲ. ನಾಲ್ಕನೆಯ ಪುಟದಲ್ಲಿ ‘ಟಾರೋ ಎಂಬ ಯಾವುದೋ ವಿಚಿತ್ರ ಗೆಡ್ಡೆಯನ್ನು ಜಜ್ಜಿ ತಿನ್ನುತ್ತಾರೆ’ ಎಂದಿದ್ದೀರಿ. ಲಕೋಟೆಯ ಮೇಲಿನ ವಿಳಾಸ ನೋಡಿದೆ: ಮಲೆನಾಡು. ಅಮ್ಮಾ, ಅದು ಕೆಸು! ನಿಮ್ಮ ಹಿತ್ತಲಲ್ಲಿ, ಬಚ್ಚಲ ನೀರು ಹರಿಯುವ ಕಡೆ ಬೆಳೆಯುವ ಕೆಸು. ಮಳೆಗಾಲದಲ್ಲಿ ಪತ್ರೊಡೆ ಮಾಡುವ ಅದೇ ಕೆಸುವಿನ ಗೆಡ್ಡೆಯನ್ನು ಅವರು ಬೇಯಿಸಿ, ಕುಟ್ಟಿ, ನೀರು ಬೆರೆಸಿ ಪೊಯ್ ಎಂಬ ಮುದ್ದೆ ಮಾಡುತ್ತಾರೆ. ಎರಡು ಮೂರು ದಿನ ಇಟ್ಟು ಹುಳಿ ಬರಿಸಿಯೂ ತಿನ್ನುತ್ತಾರೆ. ಅವರ ಪುರಾಣದಲ್ಲಿ ಮೊದಲು ಹುಟ್ಟಿದ ಕೂಸು ಸತ್ತುಹೋಗಿ, ಹೂಳಿದ ಜಾಗದಲ್ಲಿ ಕೆಸು ಮೊಳೆಯಿತು. ಎರಡನೆಯ ಕೂಸಿನಿಂದ ಮನುಷ್ಯರ ಸಂತತಿ ಬೆಳೆಯಿತು. ಅಂದರೆ ಕೆಸು ಮನುಷ್ಯನಿಗೆ ಅಣ್ಣ. ಸರಣಿಯಲ್ಲಿ ಕಮೆಹಮೆಹನ ಪಾತ್ರ ವಹಿಸಿದ ಕೈನಾ ಮಕುವ ಬದುಕಿನಲ್ಲೂ ಕವಾಯ್ ದ್ವೀಪದ ಕೆಸುವಿನ ಬೆಳೆಗಾರ. ಹಿತ್ತಲ ಬಾಗಿಲು ತೆರೆದರೆ ಹವಾಯಿ ಕಾಣುವ ಮನೆಯಲ್ಲಿ ಕುಳಿತು ಕುರುಕ್ಷೇತ್ರಕ್ಕೆ ಹೋದಿರಿ.

ಕೊನೆಯ ಸಿಟ್ಟು ಐದನೆಯ ಪುಟದ ಒಂದೇ ಸಾಲಿನ ಮೇಲೆ. ‘ಪಾತ್ರಗಳು ಅರ್ಥವಾಗದ ಸ್ಥಳೀಯ ಭಾಷೆಯಲ್ಲಿ ಮಾತನಾಡುವುದರಿಂದ ಪ್ರೇಕ್ಷಕನಿಗೆ ಕಿರಿಕಿರಿಯಾಗುತ್ತದೆ.’ ಯಾವ ಪ್ರೇಕ್ಷಕನಿಗೆ? ಇಂಗ್ಲಿಷೂ ನಿಮ್ಮ ಮನೆಮಾತಲ್ಲ, ಹವಾಯಿಯನ್ನೂ ಅಲ್ಲ. ಒಂದು ಕಿರಿಕಿರಿ, ಇನ್ನೊಂದು ಸಹಜ ಎಂದು ನಿಮ್ಮ ಕಿವಿಗೆ ಹೇಳಿಕೊಟ್ಟವರು ಯಾರು? 1893ರಲ್ಲಿ ರಾಣಿ ಲಿಲಿಉವೊಕಲನಿಯನ್ನು ಪಟ್ಟದಿಂದ ಇಳಿಸಿದರು. 1896ರಲ್ಲಿ ಶಾಲೆಗಳ ಬೋಧನೆ ಇಂಗ್ಲಿಷಿನಲ್ಲೇ ಎಂಬ ಕಾನೂನು ಬಂತು. ಮನೆಮಾತು ಆಡಿದ ಮಕ್ಕಳು ಶಾಲೆಯಲ್ಲಿ ಶಿಕ್ಷೆ ಉಂಡರು. 1978ರಲ್ಲಿ ಆ ಭಾಷೆ ಮತ್ತೆ ರಾಜ್ಯದ ಅಧಿಕೃತ ಭಾಷೆಯಾಯಿತು. 1984ರಲ್ಲಿ ನ್ಯೂಜಿಲೆಂಡಿನ ಮಾವೋರಿಗಳ ಮಾದರಿ ನೋಡಿ ಪೂನನ ಲೆಯೊ, ಅಂದರೆ ಮಾತಿನ ಗೂಡು, ಎಂಬ ಶಿಶುವಿಹಾರ ಶುರುವಾಯಿತು. ಇದೆಲ್ಲ ಆದ ಮೇಲೆ ದೊಡ್ಡ ಪರದೆಯ ಖರ್ಚಿನ ಸರಣಿಯೊಂದರ ಮೊದಲ ಕಂತುಗಳು ಹೆಚ್ಚುಕಡಿಮೆ ಪೂರ್ತಿ ಆ ಭಾಷೆಯಲ್ಲಿವೆ. ಕಥೆಯೊಳಗೂ ಅದಕ್ಕೆ ಕೆಲಸವಿದೆ: ಇಂಗ್ಲಿಷ್ ಮತ್ತು ಬಂದೂಕು ಒಂದೇ ಹಡಗಿನಲ್ಲಿ ಬಂದಿಳಿಯುತ್ತವೆ. ನಿಮ್ಮ ಕಿವಿ ಆ ಬದಲಾವಣೆಯನ್ನು ಹಿಡಿಯಬೇಕಿತ್ತು.

ಹೆಸರುಗಳ ಮಾತು. ‘ಕಾಮೇಹಾಮೇಹಾ’ ಇಂಗ್ಲಿಷ್ ಅಕ್ಷರದಿಂದ ಬಂದ ಊಹೆ; ಮೂಲ ಹೆಸರಿನಲ್ಲಿ ಒಂದೂ ದೀರ್ಘವಿಲ್ಲ. ಹವಾಯಿಯನ್ ಭಾಷೆಗೆ ಐದು ಸ್ವರ, ಐದಕ್ಕೂ ಹ್ರಸ್ವ, ದೀರ್ಘ. ಎ–ಏ, ಒ–ಓ ಬೇರೆ ಬೇರೆ. ಕನ್ನಡದ ಸ್ವರಗಳ ಸಾಲು ಅದಕ್ಕೆ ಅಳತೆ ತೆಗೆದು ಹೊಲಿದ ಅಂಗಿ. ಒಂದೇ ತೊಡಕು: ನಮಗೆ ಎರಡು ಸ್ವರ ಎದುರುಬದುರಾದರೆ ನಡುವೆ ಯಕಾರವನ್ನೋ ವಕಾರವನ್ನೋ ಕೂರಿಸದೆ ಸಮಾಧಾನವಿಲ್ಲ, ಆಗಮಸಂಧಿ ಎಂದು ಶಾಲೆಯಲ್ಲಿ ಉರುಹೊಡೆದದ್ದು. ಅವರು ಎಷ್ಟೋ ಕಡೆ ಅಲ್ಲಿ ಗಂಟಲನ್ನು ಒಂದು ಕ್ಷಣ ಬಿಗಿಹಿಡಿಯುತ್ತಾರೆ, ಅದು ಅವರಿಗೆ ಪೂರಾ ವ್ಯಂಜನ. ‘ಪವು’ ಎಂದರೆ ಮುಗಿಯಿತು. ‘ಪಉ’ ಎಂದರೆ ಮಸಿ. ‘ಪಊ’ ಎಂದರೆ ತೇವ. ‘ಪಾಊ’ ಎಂದರೆ ಲಂಗ. ಶಬ್ದದ ನಡುವೆ ಬಿಡಿ ಸ್ವರ ಬರೆದರೆ ನಮ್ಮ ಕಣ್ಣಿಗೆ ವಿಚಿತ್ರವಾಗಿ ಕಾಣಬಹುದು, ಆದರೆ ನಾಲಿಗೆ ಅಲ್ಲಿ ತಡೆಯುತ್ತದೆ. ಅದಕ್ಕೇ ಕಇಯನ, ಕಮೆಹಮೆಹನ ಹೆಂಡತಿ ಕಅಹುಮನು. ಹವಾಯಿ ಮಾತ್ರ ರೂಢಿಯಾಗಿಬಿಟ್ಟಿದೆ, ಇರಲಿ.

ಕಥನದ ಕ್ರಮ, ಹೆಣ್ಣು ಪಾತ್ರಗಳ ಬಗ್ಗೆ ನೀವು ಬರೆದ ಎರಡು ಪುಟ, ಕೊನೆಯ ಯುದ್ಧದ ಚಿತ್ರೀಕರಣ: ಅವುಗಳ ಬಗ್ಗೆ ನಾನೇನೂ ಹೇಳುವುದಿಲ್ಲ. ಬೇರೆ ಯಾರಾದರೂ ಹೇಳಲಿ.

ಹಸ್ತಪ್ರತಿಯನ್ನು ಇದರೊಂದಿಗೆ ಹಿಂದಿರುಗಿಸುತ್ತಿದ್ದೇನೆ. ತಿದ್ದಿ ಕಳಿಸುವುದಾದರೆ ಎರಡನೆಯ ಪುಟದ ಒಂದು ಸಾಲನ್ನು ಮಾತ್ರ ಮುಟ್ಟಬೇಡಿ. ಮೊದಲ ಕಂತಿನಲ್ಲಿ ಕಇಯನ ‘ಅವ’ ಎಂಬ ಅಮಲಿನ ಬೇರಿನ ರಸವನ್ನು ಸಮುದ್ರಕ್ಕೆ ಬಿಟ್ಟು, ಮಂಪರು ಹತ್ತಿದ ಶಾರ್ಕಿಗೆ ಹಗ್ಗ ಹಾಕುವ ದೃಶ್ಯಕ್ಕೆ ನೀವು ಬರೆದದ್ದು: ‘ಮೀನು ನಿಧಾನವಾಯಿತು, ಜಾತ್ರೆ ಮುಗಿಸಿ ಮನೆಗೆ ಹೊರಟ ಎತ್ತಿನ ಹಾಗೆ.’ ಅದನ್ನು ನೀವು ನೋಡಿ ಬರೆದಿದ್ದೀರಿ. ಶೀರ್ಷಿಕೆ ಹೇಗೂ ಬದಲಾಗಲೇಬೇಕು. ಯುಗಾದಿಯ ಒಳಗೆ ಬಂದರೆ ಆ ತಿಂಗಳ ಸಂಚಿಕೆಗೆ ಜಾಗ ಇಟ್ಟಿರುತ್ತೇನೆ.

ಕೆಂಪು ಶಾಯಿಯ ಗೆರೆಗಳೆಲ್ಲ ನನ್ನವು. ಮೂರನೆಯ ಪುಟದ ಮೇಲಿನ ಚಹಾದ ಕಲೆಯೂ ನನ್ನದೇ, ಕ್ಷಮಿಸಿ.

ಇಂತಿ,
ಸಂಪಾದಕ