ಮೂಗಿನ ದುರ್ಮಾಂಸ: ಕೋಡ್ ಯಾವುದು, ಕಾಗದದಲ್ಲಿ ಏನಿರಬೇಕು?

ಪ್ರಶ್ನೆ: ಮೆಡಿಕಲ್ ಕೋಡಿಂಗ್ (ರೋಗ, ಚಿಕಿತ್ಸೆಗಳನ್ನು ಬಿಲ್‌ಗಾಗಿ ಕೋಡ್‌ನಲ್ಲಿ ಬರೆಯುವ) ಕೆಲಸಕ್ಕೆ ಹೊಸದಾಗಿ ಸೇರಿದ್ದೇನೆ. ಅಮೆರಿಕದ ಇಎನ್‌ಟಿ ಚಾರ್ಟ್‌ಗಳು ಬರುತ್ತವೆ. ‘ನೇಸಲ್ ಪಾಲಿಪ್ಸ್’ (ಮೂಗಿನ ದುರ್ಮಾಂಸ) ಎಂದಿದ್ದರೆ ಜೆ33.9 ಎಂಬ ರೋಗದ ಕೋಡ್ ಹಾಕುತ್ತೇನೆ. ಆಡಿಟ್‌ನಲ್ಲಿ ಅದು ಪದೇ ಪದೇ ತಪ್ಪೆಂದು ವಾಪಸ್ ಬರುತ್ತದೆ. ಯಾಕೆ?
– ಓದುಗರು, ಮಾರತ್ತಹಳ್ಳಿ

ಉತ್ತರ: ರೋಗದ ಹೆಸರು ಬರೆದ ಸಾಲಿಗೇ ನಿಂತುಬಿಡುತ್ತಿದ್ದೀರಿ ಅನ್ನಿಸುತ್ತದೆ. ಪಾಲಿಪ್ ಎಲ್ಲಿಯದೆಂದು ದಾಖಲೆಯಲ್ಲಿ ಎಲ್ಲೂ ಸಿಗದಿದ್ದಾಗ ಮಾತ್ರ ಜೆ33.9. ಅದೇ ವೈದ್ಯರು ಬರೆದ ಎಂಡೋಸ್ಕೋಪಿ ಟಿಪ್ಪಣಿಯನ್ನು ಕೆಳಗಿನವರೆಗೂ ಓದಿ. ಮೂಗಿನ ಕುಹರದ್ದು, ಹಿಂಬಾಗಿಲ ಹತ್ತಿರದ ಕೊಯನಲ್, ಗಂಟಲ ಮೇಲ್ಭಾಗದ್ದು ಎಂದಿದ್ದರೆ ಜೆ33.0. ಇತ್ಮಾಯ್ಡ್, ಮ್ಯಾಕ್ಸಿಲರಿ, ಸ್ಫೀನಾಯ್ಡ್ ಹೀಗೆ ಸೈನಸ್‌ನ (ಮೂಗಿನ ಸುತ್ತಲ ಮೂಳೆಯಲ್ಲಿರುವ ಗಾಳಿ ಕುಳಿಯ) ಹೆಸರು ಹೇಳಿದ್ದರೆ ಜೆ33.8. ಜೆ33.1 ಅಪರೂಪ, ಅದು ಸೈನಸ್‌ನ ಒಳಪೊರೆಯೇ ಪಾಲಿಪ್‌ನಂತೆ ಕೆಡುವ ಸ್ಥಿತಿಗೆ, ವೋಕ್ಸ್ ಸಿಂಡ್ರೋಮ್ ಎನ್ನುವುದಕ್ಕೆ.

ಮಧ್ಯ ಮಿಯೇಟಸ್‌ನಲ್ಲಿ (ಮೂಗಿನ ಪಕ್ಕದ ಗೋಡೆಯಲ್ಲಿ ಸೈನಸ್‌ಗಳು ತೆರೆಯುವ ಸಂದಿನಲ್ಲಿ) ಇಣುಕುವ ಪಾಲಿಪ್ ಹೆಚ್ಚಾಗಿ ಇತ್ಮಾಯ್ಡ್‌ನಿಂದಲೇ ಇಳಿದಿರುತ್ತದೆ. ಹಾಗಂತ ಕೋಡರ್ ತಾನೇ ಊಹಿಸಿ ಜೆ33.8 ಹಾಕುವಂತಿಲ್ಲ. ವೈದ್ಯರಿಗೆ ಕ್ವೆರಿ (ಸ್ಪಷ್ಟನೆ ಕೇಳುವ ಪತ್ರ) ಕಳಿಸಿ. ಅದರಲ್ಲೂ ‘ಇತ್ಮಾಯ್ಡ್ ಪಾಲಿಪ್ ಎಂದು ಬರೆಯಬಹುದೇ?’ ಎಂದು ಉತ್ತರವನ್ನು ಬಾಯಿಗೆ ತುರುಕಬೇಡಿ. ಎಂಡೋಸ್ಕೋಪಿಯ ಸಾಲನ್ನು ಹಾಗೇ ಎತ್ತಿ ಬರೆದು, ‘ಮೂಲ: ಮೂಗಿನ ಕುಹರ / ಸೈನಸ್ (ಯಾವುದು) / ಬೇರೆ / ಹೇಳಲಾಗದು’ ಎಂದು ಆಯ್ಕೆ ಕೊಡಿ.

ಇನ್ನೊಂದು ಸಾಮಾನ್ಯ ಲೋಪ, ಜೊತೆಗಿರುವ ಸೈನಸೈಟಿಸ್ ಬಿಟ್ಟುಹೋಗುವುದು. ದೀರ್ಘಕಾಲದ ಸೈನಸೈಟಿಸ್ ಎಂದು ವೈದ್ಯರು ಬರೆದಿದ್ದರೆ ಜೆ32 ಗುಂಪಿನ ಕೋಡ್ ಕೂಡ ಬೇಕು. ಒಂದಕ್ಕಿಂತ ಹೆಚ್ಚು ಸೈನಸ್, ಆದರೆ ಎಲ್ಲವೂ ಅಲ್ಲ ಎಂದರೆ ಜೆ32.8, ‘ಪ್ಯಾನ್‌ಸೈನಸೈಟಿಸ್’ ಎಂದು ಅವರೇ ಬರೆದರೆ ಜೆ32.4. ಆಸ್ತಮಾ, ಆಸ್ಪಿರಿನ್ ಅಲರ್ಜಿ ಇದ್ದರೆ ಜೆ45, ಝಡ್88.6 ಮರೆಯಬೇಡಿ, ಈ ಮೂರೂ ಕೂಡಿದ ರೋಗಿಗೆ ಪಾಲಿಪ್ ತೆಗೆದರೂ ಮತ್ತೆ ಬೆಳೆಯುವ ಸಂಭವ ಹೆಚ್ಚು. ಹೊರರೋಗಿ ಚಾರ್ಟ್‌ನಲ್ಲಿ ‘ಪಾಲಿಪ್ ಇರಬಹುದು’ ಎಂದಷ್ಟೇ ಇದ್ದರೆ ಜೆ33 ಬೇಡ. ಅಮೆರಿಕದ ನಿಯಮದ ಪ್ರಕಾರ ಲಕ್ಷಣವನ್ನೇ ಕೋಡ್ ಮಾಡಿ: ಮೂಗು ಕಟ್ಟುವುದಕ್ಕೆ ಆರ್09.81, ವಾಸನೆ ಪೂರ್ತಿ ತಿಳಿಯದಿದ್ದರೆ ಆರ್43.0.

ಜೆ33ರಲ್ಲಿ ಎಡ–ಬಲ ಹೇಳುವ ಅಂಕಿಯಿಲ್ಲ. ಬದಿ ಗೊತ್ತಾಗುವುದು ಪ್ರೊಸೀಜರ್ ಕೋಡ್‌ನಲ್ಲಿ. ಎಂಡೋಸ್ಕೋಪ್‌ನಲ್ಲಿ ಪಾಲಿಪ್ ತೆಗೆದರೆ 31237, ಜೊತೆಗೆ ಬದಿ ಹೇಳುವ ಮಾಡಿಫೈಯರ್: ಎಡಕ್ಕೆ ಎಲ್‌ಟಿ, ಬಲಕ್ಕೆ ಆರ್‌ಟಿ ಅಥವಾ ಎರಡೂ ಬದಿಯಾದರೆ 50. ಬರೀ ನೋಡಿದ್ದಕ್ಕೆ 31231. ಅದರ ವಿವರಣೆಯಲ್ಲೇ ‘ಒಂದು ಅಥವಾ ಎರಡೂ ಬದಿ’ ಎಂದಿರುವುದರಿಂದ 50 ಸೇರಿಸಬಾರದು. ಅದೇ ಬದಿಯಲ್ಲಿ ಇತ್ಮಾಯ್ಡೆಕ್ಟಮಿ (ಇತ್ಮಾಯ್ಡ್ ಸೈನಸ್‌ನ ಶಸ್ತ್ರಚಿಕಿತ್ಸೆ, 31254 ಅಥವಾ 31255) ಆಗಿದ್ದರೆ 31237 ಅದರೊಳಗೇ ಸೇರಿಹೋಗುತ್ತದೆ. ಬೇರೆಯಾಗಿ ಬಿಲ್ ಮಾಡಿದರೆ ವಾಪಸ್ ಬರುವುದು ಖಂಡಿತ.

ಪ್ರಶ್ನೆ: ಅಮ್ಮನ ಪಾಲಿಪ್ ಆಪರೇಷನ್‌ಗೆ ಕ್ಯಾಶ್‌ಲೆಸ್ ಕೇಳಿದೆವು. ಪಾಲಿಸಿ ತೆಗೆದು ಎರಡೂವರೆ ವರ್ಷ. ಆಸ್ಪತ್ರೆಯವರು ಫಾರ್ಮ್‌ನಲ್ಲಿ ‘5 ವರ್ಷದಿಂದ’ ಎಂದು ಬರೆದಿದ್ದಕ್ಕೆ, ಹಳೆಯ ಕಾಯಿಲೆ ಎಂದು ನಿರಾಕರಿಸಿದ್ದಾರೆ. ಆ ಸಾಲು ಬದಲಿಸಿಕೊಡಿ ಎಂದು ಡಾಕ್ಟರನ್ನು ಕೇಳಬಹುದೇ?
– ಓದುಗರು, ಬಸವನಗುಡಿ

ಉತ್ತರ: ಬದಲಿಸಿ ಎಂದು ಕೇಳಬೇಡಿ, ಬಿಡಿಸಿ ಬರೆದುಕೊಡಿ ಎಂದು ಕೇಳಿ. ಫಾರ್ಮ್‌ನಲ್ಲಿ ‘ಈಗಿನ ಕಾಯಿಲೆ ಎಷ್ಟು ದಿನದಿಂದ’, ‘ಮೊದಲ ಸಲ ತೋರಿಸಿದ ದಿನ’, ‘ಹಿಂದಿನ ಇತಿಹಾಸ’ ಎಂದು ಬೇರೆ ಬೇರೆ ಕಲಂ ಇರುತ್ತವೆ. ಅವಸರದಲ್ಲಿ ಎಲ್ಲಕ್ಕೂ ಒಂದೇ ‘5 ವರ್ಷ’ ಬೀಳುತ್ತದೆ. ಐದು ವರ್ಷದಿಂದ ಇದ್ದದ್ದು ಬೆಳಗಿನ ಸೀನು, ನೆಗಡಿ ಆಗಿರಬಹುದು. ಒಂದೇ ಸಮನೆ ಮೂಗು ಕಟ್ಟಿ ಸಾರಿನ ಒಗ್ಗರಣೆ ವಾಸನೆಯೂ ತಿಳಿಯದಂತಾದದ್ದು ಇತ್ತೀಚೆಗೆ ಇರಬಹುದು. ಹಾಗಿದ್ದರೆ ಪ್ರತಿ ಲಕ್ಷಣ ಯಾವಾಗಿನಿಂದ, ಪಾಲಿಪ್ ಮೊದಲು ಎಂಡೋಸ್ಕೋಪಿಯಲ್ಲಿ ಕಂಡದ್ದು ಯಾವ ತಾರೀಖು ಎಂದು ಲೆಟರ್‌ಹೆಡ್‌ನಲ್ಲಿ ಸಹಿ, ಸೀಲು ಹಾಕಿಸಿ. ಹಳೆಯ ಕೇಸ್‌ಶೀಟ್ ತಿದ್ದಿಸಬಾರದು. ಬರೆದ ದಿನದ ತಾರೀಖನ್ನೇ ಹಾಕಿದ ಹೆಚ್ಚುವರಿ ಟಿಪ್ಪಣಿ ಸಾಕು.

ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐನ 2024ರ ನಿಯಮದಲ್ಲಿ ‘ಮೊದಲೇ ಇದ್ದ ಕಾಯಿಲೆ’ ಎನ್ನಬೇಕಾದರೆ ಪಾಲಿಸಿಗೆ ಮುಂಚಿನ 36 ತಿಂಗಳೊಳಗೆ ವೈದ್ಯರು ಅದನ್ನು ಪತ್ತೆ ಮಾಡಿರಬೇಕು, ಇಲ್ಲವೇ ಅದಕ್ಕೆ ಸಲಹೆ–ಚಿಕಿತ್ಸೆ ಕೊಟ್ಟಿರಬೇಕು. ಬರೀ ಮೂಗು ಕಟ್ಟುತ್ತಿತ್ತು ಎಂಬುದು ಸಾಲದು. ಆದರೆ ಆಗಲೇ ಪಾಲಿಪ್‌ಗೆ ಸ್ಪ್ರೇ ಬರೆಸಿಕೊಂಡ ಚೀಟಿ ಇದ್ದು, ಪ್ರಪೋಸಲ್‌ನಲ್ಲಿ (ಪಾಲಿಸಿಯ ಅರ್ಜಿಯಲ್ಲಿ) ಹೇಳದೆ ಇದ್ದಿದ್ದರೆ ನಿಮ್ಮ ವಾದ ನಿಲ್ಲುವುದಿಲ್ಲ. ಜೊತೆಗೆ ಪಾಲಿಸಿಯ 24 ತಿಂಗಳ ಕಾಯುವ ಅವಧಿಯ ಪಟ್ಟಿಯನ್ನೂ ನೋಡಿ. ಆರೋಗ್ಯ ಸಂಜೀವಿನಿ ಎಂಬ ಪ್ರಮಾಣಿತ ಪಾಲಿಸಿಯಲ್ಲಿ ಕಿವಿ–ಮೂಗು–ಗಂಟಲಿನ ಸಾಧಾರಣ ತೊಂದರೆಗಳೂ ಎಲ್ಲ ಬಗೆಯ ಪಾಲಿಪ್‌ಗಳೂ ಆ ಪಟ್ಟಿಯಲ್ಲಿವೆ. ನಿಮಗೆ ಎರಡೂವರೆ ವರ್ಷ ಆಗಿರುವುದರಿಂದ ಆ ತೊಡಕಿಲ್ಲ.

ಮೊದಲು ವಿಮಾ ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಒಂದು ವರ್ಷದೊಳಗೆ ಬೆಂಗಳೂರಿನ ಜೆ.ಪಿ. ನಗರ 1ನೇ ಹಂತದ ಜೀವನ್ ಸೌಧದಲ್ಲಿರುವ ವಿಮಾ ಓಂಬುಡ್ಸ್‌ಮನ್ (ವಿಮಾ ದೂರು ಇತ್ಯರ್ಥ ಮಾಡುವ ಅಧಿಕಾರಿ) ಕಚೇರಿಗೆ ಹೋಗಿ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಪ್ರಶ್ನೆ: ನರ್ಸಿಂಗ್ ಹೋಮ್‌ನಲ್ಲಿ ಡ್ಯೂಟಿ ಡಾಕ್ಟರ್. ಡಿಸ್ಚಾರ್ಜ್ ಸಮ್ಮರಿ ಬರೆಯುವುದು ನನ್ನ ಪಾಲಿಗೆ. ‘ಬೈಲ್ಯಾಟರಲ್ ಪಾಲಿಪ್ಸ್, ಫೆಸ್ ಡನ್’ (ಎರಡೂ ಬದಿ ಪಾಲಿಪ್, ಎಂಡೋಸ್ಕೋಪಿಕ್ ಸೈನಸ್ ಶಸ್ತ್ರಚಿಕಿತ್ಸೆ ಆಗಿದೆ) ಎಂದರೆ ಸಾಲದೇ?
– ಓದುಗರು, ರಾಜಾಜಿನಗರ

ಉತ್ತರ: ಸಾಲದು. ಲಕ್ಷಣಗಳು 12 ವಾರ ಮೀರಿವೆಯೇ, ಪ್ರತಿ ಬದಿಯ ಪಾಲಿಪ್ ಗಾತ್ರದ ಗ್ರೇಡ್ (0ರಿಂದ 4), ಸಿಟಿ ಸ್ಕ್ಯಾನ್‌ನಲ್ಲಿ ಸೈನಸ್‌ಗಳು ಎಷ್ಟು ತುಂಬಿವೆ ಎಂದು ಹೇಳುವ ಲುಂಡ್–ಮಕೇ ಅಂಕ (24ಕ್ಕೆ), ಯಾವ ಔಷಧಿ ಎಷ್ಟು ವಾರ ಕೊಟ್ಟು ಗುಣವಾಗಲಿಲ್ಲ, ಯಾವ ಬದಿಯಲ್ಲಿ ಯಾವ ಸೈನಸ್ ತೆರೆದಿರಿ, ಇಷ್ಟೂ ಬೇಕು. ಊದಿದ ಟರ್ಬಿನೇಟನ್ನು (ಮೂಗಿನ ಪಕ್ಕದ ಗೋಡೆಯಿಂದ ಚಾಚಿರುವ, ಪೊರೆ ಹೊದ್ದ ಮೂಳೆಯನ್ನು) ಪಾಲಿಪ್ ಎಂದು ಬರೆಯುವುದೂ ಉಂಟು. ಅದರ ಕೋಡ್ ಜೆ34.3. ಪಾಲಿಪ್ ಬಿಳಿಚಿಕೊಂಡು ಹೊಳೆಯುತ್ತದೆ, ಪ್ರೋಬ್‌ನಿಂದ ಮುಟ್ಟಿದರೆ ನೋಯುವುದಿಲ್ಲ. ಟರ್ಬಿನೇಟ್ ಕೆಂಪಗಿರುತ್ತದೆ, ಮುಟ್ಟಿದರೆ ರೋಗಿ ಬೆಚ್ಚುತ್ತಾರೆ.

ತೆಗೆದ ಪಾಲಿಪನ್ನು ಪರೀಕ್ಷೆಗೆ ಕಳಿಸುವಾಗ ಎಡದ್ದು, ಬಲದ್ದು ಎರಡು ಬೇರೆ ಡಬ್ಬಿ, 10% ಫಾರ್ಮಲಿನ್, ಬದಿಯ ಲೇಬಲ್. ದೊಡ್ಡವರಲ್ಲಿ ಒಂದೇ ಬದಿಗೆ ಪಾಲಿಪ್ ಇದ್ದರೆ ಇನ್ವರ್ಟೆಡ್ ಪ್ಯಾಪಿಲೋಮಾ ಎಂಬ ಗಡ್ಡೆ ಇದ್ದೀತು, ಅದು ಜೆ33 ಅಲ್ಲ, ಸಾಮಾನ್ಯವಾಗಿ ಡಿ14.0. ಅದಕ್ಕೇ ಸಮ್ಮರಿಯಲ್ಲಿ ‘ಹಿಸ್ಟೋಪ್ಯಾಥಾಲಜಿ (ಅಂಗಾಂಶ ಪರೀಕ್ಷೆ) ವರದಿ ಬರಬೇಕಿದೆ’ ಎಂದು ಬರೆದು, ಬಂದ ದಿನ ರೋಗಿಗೆ ಫೋನ್ ಮಾಡಿದ್ದನ್ನೂ ದಾಖಲಿಸಿ. ಮಕ್ಕಳಲ್ಲಿ ಒಂದೇ ಬದಿಗೆ ಪಾಲಿಪ್‌ನಂಥದ್ದು ಕಂಡರೆ ಸ್ಕ್ಯಾನ್ ಆಗುವವರೆಗೆ ಬಯಾಪ್ಸಿ ಬೇಡ, ಮೆದುಳಿನ ಪೊರೆ ಕೆಳಗಿಳಿದದ್ದೂ ಹಾಗೇ ಕಾಣುತ್ತದೆ.