ಸಂವಿಧಾನ ಬರೆದವರು ದೇವರನ್ನು ನಂಬುತ್ತಿದ್ದರಾ?

ಪ್ರಶ್ನೆ: ನಮ್ಮ ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ದಿನಾ ಇದೇ ಜಗಳ. ಸಂವಿಧಾನದ ಪೀಠಿಕೆಯಲ್ಲಿ ದೇವರ ಹೆಸರೇ ಇಲ್ಲ, ಅಂದಮೇಲೆ ಬರೆದವರೆಲ್ಲ ನಾಸ್ತಿಕರು ಅಂತಾರೆ ಚಿಕ್ಕಪ್ಪ. ಇಲ್ಲ, ಎಲ್ಲರೂ ದೈವಭಕ್ತರೇ, ನೆಹರು ಒಬ್ಬರು ಅಡ್ಡ ಬಂದರು ಅಂತಾನೆ ಅಣ್ಣ. ಯಾವುದು ನಿಜ ಸರ್? – ಓದುಗರು, ತಿಪಟೂರು

ಉತ್ತರ: ಎರಡೂ ಅಲ್ಲ. ದೇವರ ಹೆಸರು ಬೇಕೋ ಬೇಡವೋ ಅನ್ನುವುದು ಸಂವಿಧಾನ ಸಭೆಯಲ್ಲಿ ಮತಕ್ಕೇ ಹೋಗಿತ್ತು. ಆ ದಿನ ನಡೆದದ್ದನ್ನು ಹೇಳಿದರೆ ನಿಮ್ಮ ಚಿಕ್ಕಪ್ಪನಿಗೂ ಅಣ್ಣನಿಗೂ ಒಟ್ಟಿಗೇ ಉತ್ತರ ಸಿಗುತ್ತದೆ.

1949ರ ಅಕ್ಟೋಬರ್ 17. ಪೀಠಿಕೆಯ ಚರ್ಚೆ. ಅಧ್ಯಕ್ಷರ ಕುರ್ಚಿಯಲ್ಲಿ ರಾಜೇಂದ್ರ ಪ್ರಸಾದ್. ಎದ್ದು ನಿಂತವರು ಎಚ್.ವಿ. ಕಾಮತ್. ಇವರು ನಮ್ಮ ಮಂಗಳೂರಿನಲ್ಲಿ ಹುಟ್ಟಿದವರು. ಬ್ರಿಟಿಷರ ಕಾಲದ ದೊಡ್ಡ ಅಧಿಕಾರಿ ಹುದ್ದೆಯಾದ ಐಸಿಎಸ್ ನೌಕರಿ ಬಿಟ್ಟು ಸುಭಾಷ್‌ಚಂದ್ರ ಬೋಸರ ಜೊತೆ ಹೋದವರು. ಸಭೆಗೆ ಬಂದಿದ್ದು ಮಾತ್ರ ಮಧ್ಯಪ್ರಾಂತ್ಯದ ಕಡೆಯಿಂದ. ಅವರ ತಿದ್ದುಪಡಿ ಚಿಕ್ಕದು: 'ಭಾರತದ ಜನರಾದ ನಾವು' ಎಂಬ ಮಾತಿಗೆ ಮೊದಲು 'ದೇವರ ಹೆಸರಿನಲ್ಲಿ' ಎಂದು ಸೇರಿಸಬೇಕು, ಅಷ್ಟೇ.

ಅಲ್ಲಿಂದ ಶುರುವಾಯಿತು ನೋಡಿ. ದೇವರು ಅಂದರೆ ಯಾವ ದೇವರು? ಗೋವಿಂದ ಮಾಳವೀಯರಿಗೆ 'ಪರಮೇಶ್ವರ' ಎಂಬ ಹೆಸರೇ ಬೇಕಿತ್ತು. ಅಸ್ಸಾಮಿನ ರೋಹಿಣಿ ಕುಮಾರ್ ಚೌಧರಿ, ನಾವು ಕಾಮಾಖ್ಯೆಯ ನಾಡಿನವರು, ದೇವಿಯನ್ನು ಪೂಜಿಸುವವರು, ದೇವರ ಬದಲು ದೇವಿ ಎಂದೇಕೆ ಆಗಬಾರದು ಎಂದರು. ಒಂದೇ ಒಂದು ಪದ ಸೇರಿಸಲು ಹೊರಟರೆ ಭಕ್ತರ ನಡುವೆಯೇ ಒಮ್ಮತ ಇರಲಿಲ್ಲ.

ತಿದ್ದುಪಡಿಯನ್ನು ವಿರೋಧಿಸಿದವರ ಮಾತನ್ನು ಗಮನವಿಟ್ಟು ಕೇಳಬೇಕು. ತಿರುವಾಂಕೂರಿನ ಪಟ್ಟಂ ತಾಣು ಪಿಳ್ಳೈ ತಾವು ಆಸ್ತಿಕರೆಂದೇ ಹೇಳಿಕೊಂಡರು. ಹಾಗಿದ್ದೂ ಇದು ಬೇಡ ಎಂದರು. ನಂಬುವ, ನಂಬದಿರುವ ಹಕ್ಕನ್ನು ಇದೇ ಸಂವಿಧಾನ ಕೊಡುತ್ತಿದೆ, ಪೀಠಿಕೆಯಲ್ಲಿ ದೇವರನ್ನು ತಂದರೆ ಅದು ನಂಬಿಕೆಯ ವಿಷಯದಲ್ಲಿ ಬಲವಂತ ಮಾಡಿದಂತೆ ಎಂಬುದು ಅವರ ವಾದ. ಹೃದಯನಾಥ ಕುಂಜ್ರೂ ಅವರಿಗಂತೂ ಇಷ್ಟು ಪವಿತ್ರವಾದ ವಿಷಯ ಚರ್ಚೆಗೆ ಬಂದದ್ದೇ ನೋವು. ಪೂರ್ಣಿಮಾ ಬ್ಯಾನರ್ಜಿ, ದೇವರ ಮೇಲೆ ಮತ ಹಾಕುವ ಮುಜುಗರಕ್ಕೆ ನಮ್ಮನ್ನು ದೂಡಬೇಡಿ ಎಂದು ಕಾಮತರನ್ನು ಕೇಳಿಕೊಂಡರು. ಕಾಮತ್ ಬಗ್ಗಲಿಲ್ಲ. ಮತ ಎಣಿಸಿದರು. ಪರವಾಗಿ 41, ವಿರುದ್ಧ 68. ಇದು ನಮ್ಮ ಚರಿತ್ರೆಯ ಕರಾಳ ದಿನ, ದೇವರೇ ಭಾರತವನ್ನು ಕಾಪಾಡಲಿ ಎಂದರು ಕಾಮತ್. ಅವರ ನೋವೂ ನಿಜವಾದದ್ದೇ.

ಆ 68 ಮಂದಿ ನಾಸ್ತಿಕರ ಗುಂಪಲ್ಲ. ದೇವರನ್ನು ನಂಬುವುದು ಬೇರೆ, ಆ ನಂಬಿಕೆಯನ್ನು ರಾಜ್ಯದ ಬಾಯಲ್ಲಿ ಹೇಳಿಸುವುದು ಬೇರೆ. ಈ ವ್ಯತ್ಯಾಸ ಅವರಲ್ಲಿ ಬಹಳ ಜನರಿಗೆ ಗೊತ್ತಿತ್ತು. ಹಾಗಂತ ನಂಬುವವರನ್ನು ಅವರು ಹೊರಗಿಡಲೂ ಇಲ್ಲ. ಪ್ರಮಾಣವಚನದ ಪಾಠದಲ್ಲಿ ಎರಡೂ ದಾರಿ ಇವೆ. ಬೇಕಾದವರು ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಬೇಡದವರು ಸತ್ಯನಿಷ್ಠೆಯಿಂದ ದೃಢೀಕರಿಸಬಹುದು. ವಿಧಾನಸೌಧದಲ್ಲಿ ಸಚಿವರು ಪ್ರಮಾಣ ತಗೊಳ್ಳುವಾಗ ಇದನ್ನು ನೀವೂ ಕೇಳಿರುತ್ತೀರಿ, ಅಲ್ವಾ?

ಇನ್ನೊಂದು ಪ್ರಸಂಗ ಹೇಳುತ್ತೇನೆ. 1947ರ ನವೆಂಬರ್‌ನಲ್ಲಿ ಸೋಮನಾಥ ದೇವಸ್ಥಾನ ಮತ್ತೆ ಕಟ್ಟಿಸುವ ಮಾತು ಬಂತು. ಗಾಂಧೀಜಿ ದಿನಾ ಪ್ರಾರ್ಥನಾ ಸಭೆ ನಡೆಸುತ್ತಿದ್ದವರು, ರಾಮನಾಮ ಬಿಟ್ಟವರಲ್ಲ. ಆದರೂ ಸರ್ಕಾರಿ ಬೊಕ್ಕಸದಿಂದ ಇದಕ್ಕೆ ಹಣ ಹೋಗಬಾರದು ಎಂದರು. ಪಟೇಲರು ಒಪ್ಪಿದರು. ಜನರಿಂದ ದೇಣಿಗೆ ಎತ್ತಿ, ಟ್ರಸ್ಟ್ ಮಾಡಿ ಕಟ್ಟಿಸಿದರು. 1951ರ ಮೇ 11ರಂದು ನಡೆದ ಪ್ರತಿಷ್ಠಾಪನೆಗೆ ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಹೋಗುವುದು ನೆಹರೂಗೆ ಇಷ್ಟವಿರಲಿಲ್ಲ. ಪ್ರಸಾದರು ಹೋಗಿಯೇ ಹೋದರು. ಗೆರೆ ಎಲ್ಲಿ ಎಳೆಯಬೇಕು ಎಂಬ ಬಗ್ಗೆ ಅವರವರಲ್ಲೇ ಭಿನ್ನಾಭಿಪ್ರಾಯ ಇತ್ತು. ಅದನ್ನು ಮುಚ್ಚಿಟ್ಟು, ಎಲ್ಲರೂ ಒಂದೇ ಥರ ಯೋಚಿಸುತ್ತಿದ್ದರು ಅಂತ ಹೇಳಿದರೆ ಅವರಿಗೆ ಅನ್ಯಾಯ ಮಾಡಿದಂತೆ.

ಮೌಲಾನಾ ಆಜಾದರನ್ನೂ ಮರೆಯಬೇಡಿ. ಮೆಕ್ಕಾದಲ್ಲಿ ಹುಟ್ಟಿದವರು, ಕುರಾನಿಗೆ ಉರ್ದುವಿನಲ್ಲಿ ವ್ಯಾಖ್ಯಾನ ಬರೆದ ವಿದ್ವಾಂಸರು. 1940ರಲ್ಲಿ ರಾಮಗಢ ಕಾಂಗ್ರೆಸ್ ಅಧ್ಯಕ್ಷರಾಗಿ ಮಾತಾಡುತ್ತಾ, ಮುಸ್ಲಿಮನಾಗಿರುವುದೂ ನನಗೆ ಹೆಮ್ಮೆ, ಭಾರತೀಯನಾಗಿರುವುದೂ ಹೆಮ್ಮೆ ಎಂದರು.

ಪ್ರಶ್ನೆ: ಹಾಗಾದರೆ ನೆಹರು? ನಾಸ್ತಿಕರಾಗಿದ್ದರೆ ಚಿತಾಭಸ್ಮ ಗಂಗೆಗೆ ಬಿಡಿ ಅಂತ ಯಾಕೆ ಬರೆದರು? – ಓದುಗರು, ಶಿರಸಿ

ಉತ್ತರ: ಒಳ್ಳೆಯ ಪ್ರಶ್ನೆ. ಅವರ ಉಯಿಲು 1954ರ ಜೂನ್‌ನದು. ನನ್ನ ಸಾವಿನ ನಂತರ ಯಾವ ಧಾರ್ಮಿಕ ವಿಧಿಯೂ ಬೇಡ, ಅವುಗಳಲ್ಲಿ ನನಗೆ ನಂಬಿಕೆ ಇಲ್ಲ ಎಂದು ಅದರಲ್ಲಿ ಖಡಾಖಂಡಿತವಾಗಿ ಹೇಳಿದ್ದಾರೆ. ಒಂದು ಹಿಡಿ ಭಸ್ಮವನ್ನು ಅಲಹಾಬಾದಿನಲ್ಲಿ ಗಂಗೆಗೆ ಬಿಡಿ ಎಂದದ್ದು ಹೌದು. ಆದರೆ ಇದಕ್ಕೆ ಧಾರ್ಮಿಕ ಅರ್ಥವಿಲ್ಲ, ಚಿಕ್ಕಂದಿನಿಂದ ಆ ನದಿಯ ಮೇಲೆ ಪ್ರೀತಿ ಎಂದೂ ಅಲ್ಲೇ ಬರೆದರು. ಉಳಿದದ್ದನ್ನು ವಿಮಾನದಿಂದ ರೈತರ ಹೊಲಗಳ ಮೇಲೆ ಚೆಲ್ಲಿ ಎಂದರು. 1964ರ ಮೇ ತಿಂಗಳಲ್ಲಿ ತೀರಿಕೊಂಡಾಗ ದಹನ ಹಿಂದೂ ವಿಧಿಯಂತೆಯೇ ನಡೆಯಿತು. ಅವರ ಮಾತನ್ನು ಉಳಿಸಿಕೊಳ್ಳಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ.

ಪ್ರಶ್ನೆ: ಅಂಬೇಡ್ಕರ್ ಧರ್ಮವೇ ಬೇಡ ಅಂದವರಲ್ವಾ? – ಓದುಗರು, ಕಲಬುರಗಿ

ಉತ್ತರ: ಅಲ್ಲ. ಮನುಷ್ಯನಿಗೆ ಧರ್ಮ ಬೇಕೇ ಬೇಕು ಎಂದು ನಂಬಿದ್ದವರು ಅವರು. ಜಾತಿಯನ್ನು ಹೊತ್ತ ಧರ್ಮ ಬೇಡ ಎಂದರು. 1935ರಲ್ಲಿ ಮಹಾರಾಷ್ಟ್ರದ ಯೇವಲಾದಲ್ಲಿ, ಹಿಂದೂವಾಗಿ ಹುಟ್ಟಿದ್ದೇನೆ, ಹಿಂದೂವಾಗಿ ಸಾಯುವುದಿಲ್ಲ ಎಂದು ಘೋಷಿಸಿದರು. ಆಮೇಲೆ ಆತುರಪಡಲಿಲ್ಲ. ಓದಿ, ತೂಗಿ ನೋಡಿ, 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಬೌದ್ಧ ಧರ್ಮ ಸ್ವೀಕರಿಸಿದರು. ಅಲ್ಲಿ ಸೃಷ್ಟಿಕರ್ತ ದೇವರಿಲ್ಲ, ಆದರೆ ನೀತಿ ಇದೆ, ಸಮಾನತೆ ಇದೆ. ಅವರಿಗೆ ಬೇಕಾಗಿದ್ದದ್ದು ಅದೇ.

ತಿಪಟೂರಿನವರಿಗೆ ಒಂದು ಮಾತು: ಸಂವಿಧಾನ ಸಭೆಯ ಚರ್ಚೆಗಳು ಸಂಪುಟಗಳಾಗಿ ಅಚ್ಚಾಗಿವೆ, ಇಂಟರ್ನೆಟ್ಟಿನಲ್ಲೂ ಸುಮ್ನೆ ಓದಲು ಸಿಗುತ್ತವೆ. ಅಕ್ಟೋಬರ್ 17ರ ಕಲಾಪ ಹತ್ತನೇ ಸಂಪುಟದಲ್ಲಿದೆ. ಅದನ್ನೇ ಗ್ರೂಪಿಗೆ ಕಳಿಸಿ.